ಕನಸಿಗೆ ದೇವರ ರುಜು ಕೇಳುವ ಮೊದಲು

ಡಿಸೆಂಬರ್ 31ರ ರಾತ್ರಿ ಆರಾಧನೆ ಮುಗಿಯುವ ಹೊತ್ತಿಗೆ ವಾಗ್ದಾನದ ಚೀಟಿಗಳ ತಟ್ಟೆ ಬರುತ್ತದೆ. ಕಣ್ಣು ಮುಚ್ಚಿ ಒಂದು ಎತ್ತಿದರೆ ಅದೇ ವರ್ಷದ ವಚನ. ದೋಣಿಮಲೈ ಟೌನ್‌ಶಿಪ್‌ನಿಂದ ಸಂಡೂರು, ತೋರಣಗಲ್ಲು, ಹೊಸಪೇಟೆವರೆಗೆ ಆ ಚೀಟಿ ಎತ್ತುವ ನಮ್ಮ ಹುಡುಗ ಹುಡುಗಿಯರ ಆಸೆಗಳೂ ಹೆಚ್ಚುಕಡಿಮೆ ಒಂದೇ: ಎನ್‌ಎಂಡಿಸಿಯಲ್ಲಿ ಕಾಯಂ ನೌಕರಿ, ಆಗದಿದ್ದರೆ ಜಿಂದಾಲ್, ಅದೂ ಆಗದಿದ್ದರೆ ಬೆಂಗಳೂರು. ಇಂಥ ಆಸೆ ಇಟ್ಟುಕೊಳ್ಳುವುದು ಪಾಪವಲ್ಲ. ಎಲ್ಲವನ್ನೂ ನಾವೇ ತೀರ್ಮಾನಿಸಿ, ಕೊನೆಯ ಹಾಳೆಯಲ್ಲಿ ದೇವರ ರುಜುವಿಗೆ ಜಾಗ ಬಿಡುತ್ತೇವಲ್ಲ, ತೊಡಕು ಅಲ್ಲಿದೆ.

1. ಆಸೆಯನ್ನು ಬಾಯಿಬಿಟ್ಟು ಹೇಳಿ.
"ನಿನ್ನ ಚಿತ್ತದಂತಾಗಲಿ" ಎನ್ನುವುದು ಎಷ್ಟೋ ಸಲ ಭಕ್ತಿಗಿಂತ ಹೆಚ್ಚಾಗಿ ಮುಂಜಾಗ್ರತೆ. ಸಿಗದಿದ್ದರೆ ಮುಖಭಂಗ ಆಗಬಾರದಲ್ಲ! ಗೆತ್ಸೆಮನೆಯಲ್ಲಿ ಯೇಸು ಮೊದಲು ತನಗೆ ಬೇಕಾದದ್ದನ್ನು ನೇರವಾಗಿ ಕೇಳಿದ, ಆಮೇಲೆ ತಂದೆಯ ಚಿತ್ತಕ್ಕೆ ಬಿಟ್ಟುಕೊಟ್ಟ. ಕೈಯಲ್ಲಿ ಏನೂ ಹಿಡಿಯದವನು ಬಿಟ್ಟುಕೊಡುವುದಾದರೂ ಏನನ್ನು?

2. ವಚನದ ಹಿಂದುಮುಂದು ಓದಿ.
ಯೆರೆಮೀಯ 29:11 ಸಿಕ್ಕಿದವರು ಅದಕ್ಕೆ ಫ್ರೇಮ್ ಹಾಕಿಸುತ್ತಾರೆ. ಅದು ಬಾಬೆಲಿಗೆ ಸೆರೆಹೋದವರಿಗೆ ಬರೆದ ಪತ್ರದ ಸಾಲು. ಹತ್ತನೇ ವಚನ ಹೇಳುವ ಅವಧಿ 70 ವರ್ಷ. ಐದರಿಂದ ಏಳನೇ ವಚನದಲ್ಲಿ ಇರುವುದು ಇನ್ನೂ ಕಷ್ಟದ ಮಾತು: ಮನೆ ಕಟ್ಟಿ, ತೋಟ ಮಾಡಿ, ನೀವಿರುವ ಊರಿನ ಕ್ಷೇಮಕ್ಕಾಗಿ ಪ್ರಾರ್ಥಿಸಿ. ಗಂಟುಮೂಟೆ ಕಟ್ಟಿ ಕಾಯುತ್ತಿದ್ದವರಿಗೆ ಇದು ಎಷ್ಟು ಬೇಸರ ತಂದಿರಬೇಡ. ಕೆಂಪು ಧೂಳಿನ ಊರಲ್ಲಿ ಕೂತು ಬೆಂಗಳೂರಿನ ಕನಸು ಕಾಣುವವರು ಆ ಪತ್ರವನ್ನು ಪೂರ್ತಿ ಓದಿಕೊಳ್ಳಬೇಕು.

3. ಮುಚ್ಚಿದ ಬಾಗಿಲ ಮುಂದೆಯೇ ಕೂರಬೇಡಿ.
ಇದಕ್ಕೆ ಸಾಕ್ಷಿ ನಮ್ಮ ಜಿಲ್ಲೆಯಲ್ಲೇ ಇದೆ. ಲಂಡನ್ ಮಿಷನರಿ ಸೊಸೈಟಿಯ ಜಾನ್ ಹ್ಯಾಂಡ್ಸ್ ನೇಮಕಗೊಂಡಿದ್ದು ಶ್ರೀರಂಗಪಟ್ಟಣಕ್ಕೆ. ಅಲ್ಲಿಗೆ ದಾರಿಯಾಗಲಿಲ್ಲ. 1810ರಲ್ಲಿ ಆತ ಬಂದು ಸೇರಿದ್ದು ಬಳ್ಳಾರಿ, ಕಲಿಯಬೇಕಾಗಿದ್ದು ಕನ್ನಡ. ಅದೇ ಊರಲ್ಲಿ ಕೂತು ಬೈಬಲನ್ನು ಕನ್ನಡಕ್ಕೆ ತರುವ ಕೆಲಸ ಹಿಡಿದ. ಇಡೀ ಬೈಬಲ್ ಅಚ್ಚಾಗಿ ಹೊರಬರುವಾಗ 1830ರ ದಶಕ ಶುರುವಾಗಿತ್ತು. ಲೆಕ್ಕ ಹಾಕಿ, ಇಪ್ಪತ್ತು ವರ್ಷಕ್ಕೂ ಹೆಚ್ಚು.

ಈ ಕತೆಯನ್ನು ಸಭೆಯಲ್ಲಿ ಹೇಳುವಾಗ ನಾವು ಶ್ರೀರಂಗಪಟ್ಟಣದಿಂದ ಒಂದೇ ಉಸಿರಿಗೆ ಅಚ್ಚಾದ ಬೈಬಲಿಗೆ ಹಾರುತ್ತೇವೆ. ನಡುವಿನದೇ ನಿಜವಾದ ಕತೆ. ಬರದ ಭಾಷೆ, ಬಿಸಿಲು, ತಿದ್ದಿದ್ದನ್ನೇ ತಿದ್ದುವ ಹಾಳೆಗಳು. ಆ ಇಪ್ಪತ್ತು ವರ್ಷದಲ್ಲಿ ಯಾವ ದಿನ ಬೆಳಗ್ಗೆ ಎದ್ದು "ಇದೇ ದೈವಚಿತ್ತ" ಎಂದು ಖಚಿತವಾಗಿ ಹೇಳಬಹುದಿತ್ತು? ಚಿತ್ತ ತಿಳಿದ ಮೇಲೆ ಕೆಲಸ ಶುರುಮಾಡುತ್ತೇನೆ ಎನ್ನುವವರಿಗೆ ಹ್ಯಾಂಡ್ಸ್ ಒಳ್ಳೆಯ ಉತ್ತರ. ಅದೇ ಮಿಷನ್‌ನವರು 1846ರಲ್ಲಿ ತೆರೆದ ವಾರ್ಡ್ಲಾ ಶಾಲೆ ಬಳ್ಳಾರಿಯಲ್ಲಿ ಈಗಲೂ ನಡೆಯುತ್ತಿದೆ. ಅಲ್ಲಿ ಓದಿದವರಿಗೆ ಶ್ರೀರಂಗಪಟ್ಟಣದ ಆ ಮುಚ್ಚಿದ ಬಾಗಿಲಿನ ಸುದ್ದಿ ಗೊತ್ತಿರಬೇಕೆಂದೇನೂ ಇಲ್ಲ.

4. ಪಾಸ್ಟರ್ "ಹೂಂ" ಅಂದರೆ ಅಲ್ಲಿಗೆ ಮುಗಿಯಲಿಲ್ಲ.
ದಾವೀದ ದೇವಾಲಯ ಕಟ್ಟಬೇಕೆಂದಾಗ ಪ್ರವಾದಿ ನಾತಾನ ತಕ್ಷಣ ಒಪ್ಪಿದ. ಆದರೆ ಅದೇ ರಾತ್ರಿ ದೇವರು ಬೇರೆ ಮಾತು ಹೇಳಿದ, ನಾತಾನ ಮರಳಿ ಬಂದು ಅದನ್ನು ಅರಸನ ಮುಖಕ್ಕೇ ಹೇಳಿದ (2 ಸಮುವೇಲ 7). ನಿನ್ನೆಯ ಮಾತನ್ನು ಇವತ್ತು ತಿದ್ದಿಕೊಳ್ಳಬಲ್ಲ ಹಿರಿಯರನ್ನು ಹುಡುಕಿ ಸಲಹೆ ಕೇಳಿ. ನಿಮ್ಮ ಮದುವೆ, ನಿಮ್ಮ ವೀಸಾ, ನಿಮ್ಮ ಸೈಟು ಎಲ್ಲದಕ್ಕೂ ದರ್ಶನ ಕಾಣುವವರಿಂದ ಸ್ವಲ್ಪ ದೂರವಿರಿ.

5. ಕಬ್ಬಿಣ ಕೂಡಿಹಾಕಿ.
ದಾವೀದನ ಕತೆ ಮುಂದುವರಿಯುತ್ತದೆ, ನಮ್ಮೂರಿನವರಿಗೆ ಹತ್ತಿರವಾಗುವುದೂ ಆ ಭಾಗವೇ. ನೀನು ಕಟ್ಟಬೇಡ, ನಿನ್ನ ಮಗ ಕಟ್ಟುತ್ತಾನೆ ಎಂದ ಮೇಲೆ ಅವನು ಮುನಿಸಿಕೊಂಡು ಕೂರಲಿಲ್ಲ. ಬಾಗಿಲುಗಳ ಮೊಳೆಗೆ, ಕೊಂಡಿಗೆ ಬೇಕಾಗುವ ಕಬ್ಬಿಣವನ್ನು ತೂಕಕ್ಕೆ ಸಿಗದಷ್ಟು ಸಂಗ್ರಹಿಸಿಟ್ಟ (1 ಪೂರ್ವಕಾಲವೃತ್ತಾಂತ 22). ದೇವಾಲಯಕ್ಕೆ ಹೆಸರು ಬಂದದ್ದು ಸೊಲೊಮೋನನದು. ದೋಣಿಮಲೈಯಲ್ಲಿ 1977ರಿಂದ ತೆಗೆದ ಅದಿರು ಎಲ್ಲೆಲ್ಲಿ ಕಂಬಿಯಾಗಿದೆ, ಯಾರ ಮನೆಯ ತಾರಸಿ ಹೊತ್ತಿದೆ ಎಂದು ಇಲ್ಲಿ ದುಡಿದವರಿಗೆ ಗೊತ್ತೇ? ನಿಮ್ಮ ಕನಸು ನಿಜಕ್ಕೂ ದೇವರದೋ ನಿಮ್ಮದೋ ಎಂದು ತಿಳಿಯಲು ನನಗೆ ಗೊತ್ತಿರುವ ಪರೀಕ್ಷೆ ಒಂದೇ: ಅದನ್ನು ಬೇರೆಯವರು ಮುಗಿಸಿ ಹೆಸರು ಪಡೆಯುತ್ತಾರೆ ಎಂದಾದರೂ ನೀವು ಸಾಮಾನು ಹೊರುತ್ತೀರಾ?

6. ಗಣಿ ನಿಲ್ಲಬಹುದು ಎಂಬುದನ್ನೂ ಲೆಕ್ಕಕ್ಕೆ ಹಿಡಿಯಿರಿ.
2011ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿಯಲ್ಲಿ ಗಣಿಗಾರಿಕೆ ನಿಲ್ಲಿಸಿತು. 2018ರ ನವೆಂಬರ್‌ನಲ್ಲಿ ದೋಣಿಮಲೈ ಗಣಿಯೇ ನಿಂತಿತು. ಗುತ್ತಿಗೆ ಮುಂದುವರಿಸಲು ರಾಜ್ಯ ಸರ್ಕಾರ ಶೇ 80ರ ಪ್ರೀಮಿಯಂ ಕೇಳಿತ್ತು, ಎನ್‌ಎಂಡಿಸಿ ಒಪ್ಪಲಿಲ್ಲ. ಕೆಲಸ ಮತ್ತೆ ಶುರುವಾಗಿದ್ದು 2021ರ ಫೆಬ್ರುವರಿಯಲ್ಲಿ. ಇಂಥ ಹೊತ್ತಲ್ಲಿ ಸೈತಾನನನ್ನು ಗದರಿಸುವುದು ಸುಲಭ, ಆದರೆ ಜಗಳ ಇದ್ದದ್ದು ಗುತ್ತಿಗೆಯ ಷರತ್ತಿನಲ್ಲಿ. ಇಂಥ ಊರಿಗೆ ಹೋಗುತ್ತೇವೆ, ವರ್ಷವಿದ್ದು ವ್ಯಾಪಾರ ಮಾಡಿ ಗಳಿಸುತ್ತೇವೆ ಎನ್ನುವವರಿಗೆ ಯಾಕೋಬ ನಾಲ್ಕನೇ ಅಧ್ಯಾಯದಲ್ಲಿ ನಾಳೆಯ ನೆನಪು ಮಾಡುತ್ತಾನೆ. ಯೋಜನೆ ಬೇಡ ಎಂದು ಅವನು ಹೇಳುವುದಿಲ್ಲ. "ಕರ್ತನ ಚಿತ್ತವಾದರೆ" ಎಂಬುದನ್ನು ಸೇರಿಸಿ ಮಾತಾಡಿ ಎನ್ನುತ್ತಾನೆ. ಹಾಗೆ ಸೇರಿಸಿದವರು ಕೈಯಲ್ಲಿ ಎರಡನೆಯದೊಂದು ಕಸುಬು ಇಟ್ಟುಕೊಂಡಿರುತ್ತಾರೆ: ವೆಲ್ಡಿಂಗ್, ಟ್ಯೂಷನ್, ಟೈಲರಿಂಗ್, ಏನಾದರೊಂದು. ಪೌಲನೇ ಗುಡಾರ ಹೊಲಿಯುತ್ತಿದ್ದ.

7. ಉಣ್ಣೆ ಹಾಸಬೇಡಿ.
ಇವತ್ತು ಬಸ್ಸು ಹೊತ್ತಿಗೆ ಬಂದರೆ ಇಂಟರ್‌ವ್ಯೂ ದೇವರ ಚಿತ್ತ, ತಡವಾದರೆ ಅಲ್ಲ! ಹೀಗೆ ಗುರುತು ಕೇಳುವವರು ಗಿದ್ಯೋನನ ಹೆಸರು ಹೇಳುತ್ತಾರೆ. ಅವನು ಉಣ್ಣೆ ಹಾಸಿದ್ದು ದೇವರು ಆಗಲೇ ಸ್ಪಷ್ಟವಾಗಿ ಹೇಳಿಯಾದ ಮೇಲೆ, ಅಂಜಿಕೆಯಿಂದ. ಒಂದು ಸಲಕ್ಕೆ ಸಮಾಧಾನವಾಗದೆ ಮರುದಿನವೂ ಹಾಸಿದ. ದೇವರು ತಾಳಿಕೊಂಡ ಎಂದಮಾತ್ರಕ್ಕೆ ಅದು ನಮಗೆ ಪದ್ಧತಿಯಾಗಬೇಕಿಲ್ಲ.

8. ಗೆದ್ದವರ ಸಾಕ್ಷಿ ಮಾತ್ರ ಕೇಳಬೇಡಿ.
ಆರ್ಡರ್ ಬಂದವರು ಮೈಕ್ ಹಿಡಿಯುತ್ತಾರೆ. ಅದೇ ಪರೀಕ್ಷೆ ಬರೆದು, ಅಷ್ಟೇ ಪ್ರಾರ್ಥಿಸಿ, ಆರ್ಡರ್ ಬಾರದವರು ಹಿಂದಿನ ಬೆಂಚಿನಲ್ಲಿ ಕೂತಿರುತ್ತಾರೆ. ಆರಾಧನೆ ಮುಗಿದ ಮೇಲೆ ಅವರ ಜೊತೆ ಒಂದು ಟೀ ಕುಡಿಯಿರಿ, ದೈವಚಿತ್ತದ ಬಗ್ಗೆ ಹೆಚ್ಚು ತಿಳಿಯುತ್ತದೆ.

9. ಕ್ಯಾಲೆಂಡರ್ ನೋಡಿ.
ಇಪ್ಪತ್ತೊಂದು ದಿನದ ಉಪವಾಸ ಪ್ರಾರ್ಥನೆ ಮುಗಿಸಿಯೇ ಅರ್ಜಿ ಹಾಕುತ್ತೇನೆ ಎನ್ನುವವರು ಅಧಿಸೂಚನೆಯಲ್ಲಿ ಕೊನೆಯ ದಿನಾಂಕ ಯಾವುದೆಂದು ಮೊದಲು ನೋಡಿಕೊಳ್ಳಿ. ಅರ್ಜಿ ಹಾಕಿಯೂ ಉಪವಾಸ ಮಾಡಬಹುದು.