ಶರೀಫಜ್ಜನಿಗೆ ಸಿಕ್ಕ ಸುಖ



ಮಳೆಗಾಲ ಬಂತೆಂದರೆ ನಮ್ಮ ತಿರ್ಲಾಪುರದ ಎರೆ ಮಣ್ಣು ಕಾಲು ಬಿಡುವುದಿಲ್ಲ. ಮಣ್ಣಿನ ಮಾಳಿಗೆ ಇದ್ದವರಿಗೆ ರಾತ್ರಿ ನಿದ್ದೆ ಇಲ್ಲ. ಒಂದು ಕಡೆ ಹನಿ ಬಿತ್ತು. ಅಲ್ಲಿ ಬೋಗಾಣಿ ಇಟ್ಟಿರಿ. ಇನ್ನೊಂದು ಕಡೆ ಬಿತ್ತು. ಅಲ್ಲಿ ಕೊಡ ಇಟ್ಟಿರಿ. ಮನೆಯ ಪಾತ್ರೆ ಎಲ್ಲ ಮುಗಿದವು. ಸೋರುವುದು ಮುಗಿಯಲಿಲ್ಲ.

ಇಂಥ ಸೋರುವ ಮಾಳಿಗೆಯ ಮೇಲೆಯೇ ಒಬ್ಬರು ಹಾಡು ಕಟ್ಟಿದರು. ಅವರೇ ಶಿಶುನಾಳ ಶರೀಫ ಸಾಹೇಬರು. ನಮ್ಮ ಕಡೆ ಅವರನ್ನು ಪ್ರೀತಿಯಿಂದ ಶರೀಫಜ್ಜ ಅನ್ನುತ್ತೇವೆ.

ಶರೀಫಜ್ಜ ಹುಟ್ಟಿದ್ದು 1819ರಲ್ಲಿ. ಊರು ಶಿಶುನಾಳ. ಅದು ಈಗ ಹಾವೇರಿ ಜಿಲ್ಲೆಯಲ್ಲಿದೆ. 1997ರ ತನಕ ನಮ್ಮ ಧಾರವಾಡ ಜಿಲ್ಲೆಯಲ್ಲೇ ಇತ್ತು. ತಂದೆ ಇಮಾಮ ಸಾಹೇಬರು, ತಾಯಿ ಹಜ್ಜೂಮಾ. ಹುಡುಗ ಶಾಣ್ಯಾ ಇದ್ದ. ಮುಲ್ಕಿ ಪರೀಕ್ಷೆ ಪಾಸು ಮಾಡಿದ. ಆ ಕಾಲಕ್ಕೆ ಅದು ದೊಡ್ಡ ಮಾತು. ಕೆಲವು ಕಾಲ ಶಾಲೆಯ ಮಾಸ್ತರನೂ ಆದ.

ಕೈಯಲ್ಲಿ ನೌಕರಿ ಇತ್ತು. ಊರಲ್ಲಿ ಮಾನ ಇತ್ತು. ಆದರೂ ಮನಸ್ಸಿಗೆ ಸಮಾಧಾನ ಇರಲಿಲ್ಲ. ಕುಂದಗೋಳ ತಾಲೂಕಿನ ಕಳಸ ಎಂಬ ಊರಲ್ಲಿ ಗೋವಿಂದಭಟ್ಟರು ಇದ್ದರು. ಶರೀಫರು ಅವರನ್ನು ಗುರು ಎಂದು ನಂಬಿದರು. ಗುರು ಬ್ರಾಹ್ಮಣ, ಶಿಷ್ಯ ಮುಸಲ್ಮಾನ. ಎರಡೂ ಕಡೆಯವರು ಸಿಟ್ಟಾದರು. ಗುರುವೂ ಬಿಡಲಿಲ್ಲ, ಶಿಷ್ಯನೂ ಬಿಡಲಿಲ್ಲ. ಶರೀಫರು ಮಾಸ್ತರಿಕೆ ಬಿಟ್ಟರು. (ಇದೊಂದು ಮಾತು ನನಗೆ ಬೇಗ ಒಪ್ಪಿಗೆಯಾಗುವುದಿಲ್ಲ. ನಾನೂ ಶಾಲೆಯಲ್ಲಿ ಕಲಿಸುವವಳು!) ಹೆಂಡತಿ ಫಾತಿಮಾ ತೀರಿಕೊಂಡರು. ಆ ದುಃಖವನ್ನೂ ಶರೀಫರು ಉಂಡರು. ಆದರೆ ಹಾಡುವುದು ನಿಲ್ಲಲಿಲ್ಲ.

ಸೋರುವ ಮಾಳಿಗೆ ಅಂದರೆ ಅವರ ಹಾಡಿನಲ್ಲಿ ಬರೀ ಮಾಳಿಗೆ ಅಲ್ಲ. ಅದು ನಮ್ಮ ಮನಸ್ಸು. ತಿಳುವಳಿಕೆ ಇಲ್ಲದ್ದಕ್ಕೆ ಅದು ಸೋರುತ್ತದೆ. ನಾವು ಒಂದೊಂದು ಆಸೆಯ ಕೆಳಗೆ ಒಂದೊಂದು ಬೋಗಾಣಿ ಇಡುತ್ತೇವೆ. ಮೇಲೆ ಹತ್ತಿ ಹೊಸ ಮಣ್ಣು ಹಾಕಿ ತುಳಿಯುವುದಿಲ್ಲ.

ಈ ಪಾಠ ನಡೆದ ರಾತ್ರಿ ನಮ್ಮ ಕೇಂದ್ರದಲ್ಲಿ ಒಬ್ಬಾಕೆ ಹೇಳಿದಳು: "ಖರೇ ಐತ್ರಿ ಅಕ್ಕೋರ. ಸಾಲಾ ಮಾಡಿ ಬೋರಮಾಳ ಮಾಡಿಸಿದೆ. ಎಂಟು ದಿನ ಕನ್ನಡಿ ಮುಂದ ನಿಂತೆ. ಒಂಬತ್ತನೇ ದಿನ ಕಣ್ಣು ಮಗ್ಗಲ ಮನಿಯಾಕಿ ಕೊಳ್ಳಾಗಿನ ಸರದ ಮ್ಯಾಲೆ ಹೋತು. ಈಗ ಬೋರಮಾಳ ಅಡವು ಐತಿ. ಬಡ್ಡಿ ಮಾತ್ರ ನನ್ನ ಕೊಳ್ಳಾಗ ಐತಿ."

ಎಲ್ಲರೂ ನಕ್ಕರು. ಆದರೆ ಮೂಲೆಯಲ್ಲಿ ಕುಳಿತ ಹಿರಿಯಾಕೆ ನಗಲಿಲ್ಲ.

"ಅಕ್ಕೋರ, ಇದ್ದವರು ಬಿಡ್ತಾರ. ನಮಗ ಬಿಡಾಕ ಏನೈತ್ರಿ? ಕಳೇವು ತಗದ್ರ ಸಂಜೀಕ ರೊಟ್ಟಿ. ಹಸಿವೀನೂ ಆಸೇನ?"

ನಾನು ಸುಮ್ಮನಾದೆ. ಆಕೆ ಕೇಳಿದ್ದು ಸರಿ ಇತ್ತು.

ಹಸಿವು ಆಸೆ ಅಲ್ಲ. ಮಗುವಿಗೆ ಹಾಲು, ಜ್ವರಕ್ಕೆ ಔಷಧಿ, ದುಡಿದದ್ದಕ್ಕೆ ಪೂರಾ ಕೂಲಿ, ಇವನ್ನು ಕೇಳುವುದೂ ಆಸೆ ಅಲ್ಲ. "ದೇವರು ಕೊಟ್ಟಷ್ಟಕ್ಕೆ ಸುಮ್ಮನಿರು" ಎಂದು ಹೆಣ್ಣುಮಕ್ಕಳ ಬಾಯಿ ಮುಚ್ಚಿಸುವವರು ಇದ್ದಾರೆ. ಹೊಡೆತ ತಿಂದವಳಿಗೂ ಅದೇ ಮಾತು ಹೇಳುತ್ತಾರೆ. ಅದು ಭಕ್ತಿ ಅಲ್ಲ. ಶರೀಫಜ್ಜ ಊರವರು ಹೇಳಿದರೆಂದು ತಾವು ನಂಬಿದ್ದನ್ನು ಬಿಟ್ಟವರಲ್ಲ.

ಹಾಗಾದರೆ ಅವರಿಗೆ ಸಿಕ್ಕ ಸುಖ ಯಾವುದು? ಅವರು ಅಡವಿಗೆ ಹೋಗಲಿಲ್ಲ. ನಮ್ಮಂಥ ಹಳ್ಳಿಯಲ್ಲೇ, ನಮ್ಮಂಥ ಜನರ ನಡುವೆಯೇ ಇದ್ದರು. ಮಗ್ಗ, ಕೋಳಿ, ತಂಬೂರಿ, ಸೋರುವ ಮನೆ, ಕಣ್ಣಿಗೆ ಕಂಡದ್ದರಲ್ಲೆಲ್ಲ ದೇವರ ಮಾತು ಹುಡುಕಿದರು. ಬೋರಮಾಳ ಒಬ್ಬಳ ಕೊರಳಿಗೆ ಮಾತ್ರ. ಹಾಡು ಹಾಗಲ್ಲ. ಹತ್ತು ಮಂದಿ ಹಾಡಿದರೆ ಯಾರ ಪಾಲೂ ಕಡಿಮೆ ಆಗುವುದಿಲ್ಲ.

ಇನ್ನೊಂದು ಮಾತು. ಈ ಹಾಡುಗಳು ಬಹಳ ಕಾಲ ಬಾಯಿಂದ ಬಾಯಿಗೆ ಬಂದವು. ಭಜನೆಯವರು ಹಾಡಿ ಉಳಿಸಿದರು. ಅವರಲ್ಲಿ ಅಕ್ಷರ ಬಾರದವರು ಎಷ್ಟೋ ಮಂದಿ. ಆಮೇಲೆ ಪುಸ್ತಕ ಬಂತು. ಸಿ. ಅಶ್ವತ್ಥರು ಹಾಡಿದ ಕ್ಯಾಸೆಟ್ ಬಂತು. 1990ರಲ್ಲಿ ನಾಗಾಭರಣರು ಸಿನಿಮಾ ಮಾಡಿದರು. ಈಗ ಮೊಬೈಲಿನಲ್ಲೂ ಕೇಳಬಹುದು.

ಶರೀಫಜ್ಜ ತೀರಿಕೊಂಡದ್ದು 1889ರಲ್ಲಿ. ಶಿಶುನಾಳದಲ್ಲಿ ಅವರ ಗದ್ದಿಗೆ ಇದೆ. ಹಿಂದೂಗಳೂ ಮುಸಲ್ಮಾನರೂ ಅಲ್ಲಿಗೆ ನಡೆದುಕೊಳ್ಳುತ್ತಾರೆ.

ಆ ರಾತ್ರಿ ಪಾಠ ಮುಗಿದ ಮೇಲೆ ಬೋರಮಾಳದಾಕೆಯೇ ಶರೀಫಜ್ಜನ ಪದ ಎತ್ತಿದಳು. ಹಿರಿಯಾಕೆ ದನಿಗೂಡಿಸಿದಳು.

"ಹಾಡುವಾಗ ಬಡ್ಡಿ ನೆನಪಾಗೂದಿಲ್ರಿ," ಎಂದಳು ಬೋರಮಾಳದಾಕೆ.

"ಮನಿಗೆ ಹೋದ ಮ್ಯಾಲ?" ಎಂದಳು ಹಿರಿಯಾಕೆ.

"ನೆನಪಾಗತೈತಿ. ಆದ್ರ ಇನ್ನೊಂದು ಸಾಲಾ ಮಾಡೂ ಮನಸು ಬರೂದಿಲ್ಲ."

ಓದಿರಿ, ಬರೆಯಿರಿ: ನಿಮ್ಮ ಮನೆಯಲ್ಲಿ ಹಿರಿಯರು ಹಾಡುವ ಒಂದು ದೇವರ ಪದ ಕೇಳಿಕೊಳ್ಳಿರಿ. ಅದರ ಎರಡು ಸಾಲು ನಿಮ್ಮ ಕೈಯಾರೆ ಬರೆದು ತನ್ನಿರಿ. ಹೇಳಿಕೊಟ್ಟವರ ಹೆಸರನ್ನೂ ಕೆಳಗೆ ಬರೆಯಿರಿ.