ರಬ್ಬರು ತಟ್ಟೆಯಲ್ಲಿ ಕಂಚಿನ ನಾದ

ಒಂದು ಸಂಜೆ ನಮ್ಮ ವಿದ್ಯಾರ್ಥಿಯೊಬ್ಬನು ಕಾಲೇಜಿನ ಭೌತಶಾಸ್ತ್ರ ಪ್ರಯೋಗಶಾಲೆಗೆ ಒಂದು ಕಪ್ಪು ತಟ್ಟೆಯನ್ನು ಕಂಕುಳಲ್ಲಿ ಇರುಕಿಕೊಂಡು ಬಂದನು. ಹದಿನಾಲ್ಕು ಅಂಗುಲ ವ್ಯಾಸದ, ಮೇಲೆ ರಬ್ಬರು ಹೊದಿಸಿದ ತಟ್ಟೆ ಅದು. ಕೋಲಿನಿಂದ ಹೊಡೆದರೆ ‘ತಪ್’ ಎಂಬ ಮಂದ ಶಬ್ದವಲ್ಲದೆ ಬೇರೇನೂ ಹೊರಡದು. ಎಲೆಕ್ಟ್ರಾನಿಕ್ ಡ್ರಮ್ ಸೆಟ್ಟಿಗೆ ಜೋಡಿಸುವ ಈ ತಟ್ಟೆಗೆ ಸಿಂಬಲ್ ಪ್ಯಾಡ್ ಎಂದು ಹೆಸರು.

ಆತನು ಬಾಡಿಗೆಯ ಕೋಣೆಯೊಂದರಲ್ಲಿ ವಾಸಿಸುತ್ತಿದ್ದನು. ಕೆಳಗಡೆ ಮನೆಯ ಯಜಮಾನರ ಸಂಸಾರ. ನಿಜವಾದ ಡ್ರಮ್ಮನ್ನು ಅಲ್ಲಿ ಒಂದು ನಿಮಿಷ ಬಾರಿಸುವುದೂ ಸಾಧ್ಯವಿಲ್ಲ. ಕಿವಿಗೆ ಹೆಡ್‌ಫೋನ್ ಹಾಕಿಕೊಂಡು, ರಬ್ಬರು ಪ್ಯಾಡುಗಳ ಮೇಲೆ ಅಭ್ಯಾಸ ಮಾಡುವುದೊಂದೇ ಅವನಿಗಿದ್ದ ದಾರಿ. ಅವನ ಸೆಟ್ಟಿನ ಹಳೆಯ ಸಿಂಬಲ್ ಪ್ಯಾಡು ಎಲ್ಲಿ ಹೊಡೆದರೂ ಒಂದೇ ಧ್ವನಿಯನ್ನು ಕೊಡುವಂಥದು. ವರ್ಷವಿಡೀ ಮಕ್ಕಳಿಗೆ ಮನೆಪಾಠ ಹೇಳಿ ಕೂಡಿಟ್ಟ ಹಣದಿಂದ ಅವನು ಮೇಲ್ತರಗತಿಯ ಈ ಹೊಸ ಪ್ಯಾಡನ್ನು ಕೊಂಡಿದ್ದನು. ಆದರೆ ಅದನ್ನು ಜೋಡಿಸಿ ಬಾರಿಸಿದರೆ ನಾದವು ಹುಟ್ಟಿದೊಡನೆಯೇ ಕತ್ತು ಹಿಸುಕಿದಂತೆ ಅಡಗಿಹೋಗುತ್ತಿತ್ತು. “ಸಾರ್, ಪ್ಯಾಡು ಕೆಟ್ಟಿದೆ, ದುಡ್ಡು ದಂಡವಾಯಿತು” ಎಂದು ಆತನು ಕುಗ್ಗಿದ ದನಿಯಲ್ಲಿ ಹೇಳಿದನು.

ಪ್ಯಾಡು ಕೆಟ್ಟಿರಲಿಲ್ಲ. ತಪ್ಪು ಬೇರೆಡೆ ಇದ್ದಿತು. ಅದರಲ್ಲಿ ನಮ್ಮ ಪಾಲೂ ಇದ್ದಿತು. ಅದು ಏನೆಂಬುದನ್ನು ಅರಿಯಲು ಮೊದಲು ಸಿಂಬಲ್ ಎಂಬ ವಾದ್ಯದ ಸ್ವಭಾವವನ್ನೂ, ಅದರ ಸ್ಥಾನದಲ್ಲಿ ನಿಲ್ಲುವ ಪ್ಯಾಡಿನ ರಚನೆಯನ್ನೂ ಪರಿಶೀಲಿಸಬೇಕು.

ಕಂಚಿನ ತಟ್ಟೆಯ ಸ್ವಭಾವ

ಸಿಂಬಲ್ಲುಗಳನ್ನು ಸಾಮಾನ್ಯವಾಗಿ ಕಂಚಿನಿಂದ ತಯಾರಿಸುತ್ತಾರೆ. ಉತ್ತಮ ದರ್ಜೆಯವುಗಳಲ್ಲಿ ನೂರಕ್ಕೆ 80 ಪಾಲು ತಾಮ್ರ, 20 ಪಾಲು ತವರ ಇರುವುದು ವಾಡಿಕೆ. ತಂತಿಯ ಅಥವಾ ಕೊಳಲಿನ ನಾದದಲ್ಲಿ ಮೂಲಸ್ವರದ ಜೊತೆಗೆ ಹೊರಡುವ ಉಪಸ್ವರಗಳ ಆವೃತ್ತಿಗಳು ಅದರ ಎರಡರಷ್ಟು, ಮೂರರಷ್ಟು, ನಾಲ್ಕರಷ್ಟು ಹೀಗೆ ಪೂರ್ಣಾಂಕಗಳ ಕ್ರಮದಲ್ಲಿರುತ್ತವೆ. ಆದುದರಿಂದಲೇ ನಮಗೆ ಅಲ್ಲಿ ಒಂದು ನಿಶ್ಚಿತ ಶ್ರುತಿ ಕೇಳಿಬರುತ್ತದೆ. ಬಿಗಿದ ಚರ್ಮದ ಪೊರೆಗೆ ಸಹಜವಾಗಿ ಈ ಗುಣವಿಲ್ಲ. ಆದರೆ ನಮ್ಮ ಮೃದಂಗ, ತಬಲಗಳಲ್ಲಿ ನಡುವೆ ಹಚ್ಚುವ ಕರಣೆಯು ಮುಖ್ಯ ಉಪಸ್ವರಗಳನ್ನು ಪೂರ್ಣಾಂಕಗಳ ಕ್ರಮಕ್ಕೆ ತರುತ್ತದೆ. ಸರ್ ಸಿ. ವಿ. ರಾಮನ್ನರು 1920ರಲ್ಲಿ ಶಿವಕಾಳಿ ಕುಮಾರ್ ಅವರೊಡನೆ ಇದನ್ನು ವಿವರಿಸಿದರು. ಬೆಂಗಳೂರಿಗೆ ಬಂದ ಮೇಲೆ 1934ರಲ್ಲಿ ಅದೇ ವಿಷಯವನ್ನು ಇನ್ನಷ್ಟು ವಿಸ್ತಾರವಾಗಿ ಪ್ರಕಟಿಸಿದರು.

ಸಿಂಬಲ್ಲು ಇದಕ್ಕೆ ತೀರ ವಿರುದ್ಧವಾದುದು. ಅದರ ಮೈಯಲ್ಲಿ ಏಕಕಾಲಕ್ಕೆ ಏಳುವ ನೂರಾರು ಕಂಪನ ವಿಧಾನಗಳಿಗೆ ಪರಸ್ಪರ ಪೂರ್ಣಾಂಕ ಸಂಬಂಧವಿಲ್ಲ. ಆದುದರಿಂದ ಅದರ ನಾದದಲ್ಲಿ ಶ್ರುತಿಯ ಬದಲು ಝಣತ್ಕಾರ ಮಾತ್ರ ಕೇಳುತ್ತದೆ. ಇಷ್ಟೇ ಅಲ್ಲ. ಜೋರಾಗಿ ಹೊಡೆದಾಗ, ಮೊದಲು ಕೆಳಗಿನ ಆವೃತ್ತಿಗಳಲ್ಲಿದ್ದ ಶಕ್ತಿಯು ಸೆಕೆಂಡಿನ ಹತ್ತನೆಯ ಒಂದಂಶದಷ್ಟು ಅವಧಿಯೊಳಗೆ ಮೇಲಿನ ಆವೃತ್ತಿಗಳಿಗೆ ಹರಡಿಕೊಳ್ಳುತ್ತದೆ. ಸಿಂಬಲ್ಲಿನ ಆ ಮಿನುಗುವ ನಾದಕ್ಕೆ ಇದೇ ಕಾರಣ. ಮೆಲ್ಲನೆಯ ಪೆಟ್ಟಿನಲ್ಲಿ ಈ ಹರಡುವಿಕೆ ಕಡಿಮೆ. ಆದುದರಿಂದ ಮೃದುವಾದ ಪೆಟ್ಟಿನ ನಾದವು ಜೋರು ಪೆಟ್ಟಿನ ನಾದದ ತಗ್ಗಿದ ರೂಪವಲ್ಲ. ಅದು ಬೇರೆಯೇ ಬಣ್ಣದ ನಾದ.

ಹೊಡೆದ ಸ್ಥಳವೂ ಅಷ್ಟೇ ಮುಖ್ಯ. ನಡುವಿನ ಉಬ್ಬಿದ ಭಾಗವನ್ನು ವಾದಕರು ಬೆಲ್ ಎನ್ನುತ್ತಾರೆ. ಅದು ಗಂಟೆಯಂತೆ ಸ್ಪಷ್ಟವಾಗಿ ನುಡಿಯುತ್ತದೆ. ಇಳಿಜಾರಾದ ಮೈಯು ಲಯವನ್ನು ನಡೆಸುವ ಸಣ್ಣ ಪೆಟ್ಟುಗಳಿಗೆ ತಕ್ಕುದು. ಅಂಚಿಗೆ ಕೋಲಿನ ಮಗ್ಗುಲಿನಿಂದ ಹೊಡೆದರೆ ಇಡೀ ತಟ್ಟೆ ಮೊರೆಯುತ್ತದೆ. ಆ ಮೊರೆತವನ್ನು ನಿಲ್ಲಿಸಬೇಕಾದರೆ ವಾದಕನು ಅಂಚನ್ನು ಕೈಯಿಂದ ಹಿಡಿಯುತ್ತಾನೆ. ದೇವಾಲಯದ ಜಾಗಟೆಯನ್ನು ಬಾರಿಸಿ ಕೈಯಿಂದ ಮುಟ್ಟಿದರೆ ನಾದ ಒಡನೆ ಅಡಗುವುದನ್ನು ವಾಚಕರೆಲ್ಲರೂ ಬಲ್ಲರು. ಇಲ್ಲಿಯೂ ಆಗುವುದು ಅದೇ.

ಹೀಗೆ ಸಿಂಬಲ್ಲನ್ನು ನುಡಿಸುವವನು ಪ್ರತಿಯೊಂದು ಪೆಟ್ಟಿನಲ್ಲಿಯೂ ಮೂರು ಸಂಗತಿಗಳನ್ನು ತಿಳಿಸುತ್ತಾನೆ: ಎಷ್ಟು ಬಲವಾಗಿ ಹೊಡೆದೆ, ಎಲ್ಲಿ ಹೊಡೆದೆ, ಯಾವಾಗ ಹಿಡಿದು ನಿಲ್ಲಿಸಿದೆ. ರಬ್ಬರು ತಟ್ಟೆಯು ಈ ಮೂರನ್ನೂ ವಿದ್ಯುತ್ತಿನ ಮೂಲಕ ಹೇಳಬಲ್ಲುದೆ? ಪ್ಯಾಡುಗಳ ಮೇಲು ಕೀಳು ನಿರ್ಧಾರವಾಗುವುದು ಈ ಪ್ರಶ್ನೆಯಿಂದಲೇ.

ಪೆಟ್ಟು ವಿದ್ಯುತ್ತಾಗುವ ಬಗೆ

ಕೆಲವು ಸ್ಫಟಿಕಗಳನ್ನು ಒತ್ತಿದಾಗ ಅವುಗಳ ಎದುರುಬದುರು ಮುಖಗಳಲ್ಲಿ ವಿದ್ಯುದಾವೇಶ ಕಾಣಿಸಿಕೊಳ್ಳುತ್ತದೆ ಎಂಬುದನ್ನು 1880ರಲ್ಲಿ ಫ್ರಾನ್ಸಿನ ಜಾಕ್ ಕ್ಯೂರಿ, ಪಿಯರ್ ಕ್ಯೂರಿ ಸಹೋದರರು ಕಂಡುಹಿಡಿದರು. ಇದನ್ನು ಪೀಸೊ ವಿದ್ಯುತ್ ಪರಿಣಾಮ ಎನ್ನುತ್ತಾರೆ. ನಮ್ಮ ಅಡುಗೆಮನೆಯ ಗ್ಯಾಸ್ ಒಲೆಯನ್ನು ಹೊತ್ತಿಸುವ, ‘ಟಕ್’ ಎಂದು ಸದ್ದು ಮಾಡಿ ಕಿಡಿ ಹಾರಿಸುವ ಲೈಟರಿನಲ್ಲಿಯೂ ಇದೇ ತತ್ತ್ವ ಕೆಲಸ ಮಾಡುತ್ತದೆ.

ಸಿಂಬಲ್ ಪ್ಯಾಡಿನೊಳಗೆ ನಾಣ್ಯದಷ್ಟಗಲದ ಹಿತ್ತಾಳೆಯ ಬಿಲ್ಲೆಯೊಂದಿರುತ್ತದೆ. ಅದರ ಮೇಲೆ ಸೀಸ, ಜಿರ್ಕೋನಿಯಂ, ಟೈಟೇನಿಯಂ ಇವುಗಳ ಸಂಯುಕ್ತದಿಂದಾದ ಪಿಂಗಾಣಿಯ ತೆಳುವಾದ ಪದರವನ್ನು ಅಂಟಿಸಿರುತ್ತಾರೆ. ಪ್ಯಾಡಿಗೆ ಪೆಟ್ಟು ಬಿದ್ದಾಗ ಬಿಲ್ಲೆ ಕಿಂಚಿತ್ತು ಬಾಗುತ್ತದೆ. ಒಡನೆ ವೋಲ್ಟೇಜಿನ ಒಂದು ಅಲೆ ಏಳುತ್ತದೆ. ಪೆಟ್ಟು ಬಲವಾದಷ್ಟೂ ಅಲೆ ಎತ್ತರವಾಗುತ್ತದೆ. ‘ಎಷ್ಟು’ ಎಂಬ ಪ್ರಶ್ನೆಗೆ ಹೀಗೆ ಉತ್ತರ ದೊರೆಯಿತು.

ಈ ಅಲೆಯು ನಾವು ಕೇಳುವ ನಾದವಲ್ಲ ಎಂಬುದನ್ನು ನೆನಪಿಡಬೇಕು. ಅದು ತಂತಿಯ ಮೂಲಕ ಮಾಡ್ಯೂಲ್ ಎಂಬ ಪೆಟ್ಟಿಗೆಗೆ ಹೋಗುತ್ತದೆ. ಮಾಡ್ಯೂಲು ಅಲೆಯ ಎತ್ತರವನ್ನು ಅಳೆದು ಒಂದು ಸಂಖ್ಯೆಯಾಗಿ ಬದಲಾಯಿಸುತ್ತದೆ. 1983ರಲ್ಲಿ ಬಳಕೆಗೆ ಬಂದ ಮಿಡಿ ಎಂಬ ಸಂಕೇತ ಪದ್ಧತಿಯಲ್ಲಿ ಪೆಟ್ಟಿನ ಬಲವನ್ನು 1ರಿಂದ 127ರವರೆಗಿನ ಸಂಖ್ಯೆಗಳಿಂದ ಸೂಚಿಸುತ್ತಾರೆ. ಆ ಸಂಖ್ಯೆಗೆ ತಕ್ಕ ನಾದವನ್ನು ಮಾಡ್ಯೂಲು ತನ್ನ ಸ್ಮೃತಿಯಿಂದ ತೆಗೆದು ನುಡಿಸುತ್ತದೆ. ಮೃದುವಾದ ಪೆಟ್ಟಿನ ಬಣ್ಣವೇ ಬೇರೆಯೆಂದು ಹೇಳಿದೆವಷ್ಟೆ. ಆದುದರಿಂದ ಒಳ್ಳೆಯ ಮಾಡ್ಯೂಲುಗಳಲ್ಲಿ ಒಂದೇ ಸಿಂಬಲ್ಲಿಗೆ ಹಲವು ಮಟ್ಟದ ಪೆಟ್ಟುಗಳ ಧ್ವನಿಮುದ್ರಣಗಳನ್ನು ಬೇರೆ ಬೇರೆಯಾಗಿ ಇಟ್ಟಿರುತ್ತಾರೆ. ಪ್ಯಾಡು ಎಷ್ಟೇ ಉತ್ತಮವಾಗಿರಲಿ, ಮಾಡ್ಯೂಲಿನಲ್ಲಿ ಇಲ್ಲದ ನಾದವನ್ನು ಅದು ತರಲಾರದು.

ಎರಡು ಸಂಕೇತ, ಮೂರು ಅರ್ಥ

ಇನ್ನು ‘ಎಲ್ಲಿ’ ಎಂಬ ಪ್ರಶ್ನೆ. ಇದಕ್ಕಾಗಿ ಎರಡು ವಲಯಗಳ ಪ್ಯಾಡಿನ ಅಂಚಿನುದ್ದಕ್ಕೂ ರಬ್ಬರಿನ ಕೆಳಗೆ ತೆಳುವಾದ ಪಟ್ಟಿಯಂಥ ಸ್ವಿಚ್ಚನ್ನು ಹುದುಗಿಸಿರುತ್ತಾರೆ. ಒತ್ತಿದರೆ ಅದರ ಎರಡು ಪದರಗಳು ಕೂಡಿಕೊಂಡು ಮಂಡಲ ಪೂರ್ಣವಾಗುತ್ತದೆ; ಬಿಟ್ಟರೆ ಬೇರ್ಪಡುತ್ತವೆ. ಪೀಸೊ ಬಿಲ್ಲೆಗೆ ಪರಿಮಾಣ ತಿಳಿಯುತ್ತದೆ. ಸ್ವಿಚ್ಚಿಗೆ ಹೌದು, ಅಲ್ಲ ಎಂಬೆರಡು ಮಾತುಗಳು ಮಾತ್ರ ಗೊತ್ತು. ಆದರೂ ಇವೆರಡನ್ನು ಕೂಡಿಸಿ ಮಾಡ್ಯೂಲು ಮೂರು ಅರ್ಥಗಳನ್ನು ಗ್ರಹಿಸುತ್ತದೆ.

ಬಿಲ್ಲೆಯಿಂದ ಅಲೆ ಬಂದು ಸ್ವಿಚ್ಚು ತೆರೆದೇ ಇದ್ದರೆ, ಪೆಟ್ಟು ಮೈಯ ಮೇಲೆ ಬಿದ್ದಿದೆ. ಅಲೆಯೊಡನೆ ಸ್ವಿಚ್ಚೂ ಮುಚ್ಚಿಕೊಂಡರೆ, ಪೆಟ್ಟು ಅಂಚಿಗೆ ಬಿದ್ದಿದೆ. ಅಲೆಯಿಲ್ಲದೆ ಸ್ವಿಚ್ಚು ಮಾತ್ರ ಮುಚ್ಚಿಕೊಂಡಿದ್ದರೆ, ವಾದಕನು ಅಂಚನ್ನು ಕೈಯಿಂದ ಹಿಡಿದಿದ್ದಾನೆ; ಆಗ ನಾದವನ್ನು ನಿಲ್ಲಿಸಬೇಕು. ಇಷ್ಟು ಸರಳವಾದ ಏರ್ಪಾಡಿನಿಂದ ಇಷ್ಟೊಂದು ಕೆಲಸ ಸಾಧಿಸಿರುವುದು ಮೆಚ್ಚತಕ್ಕ ವಿಷಯ.

ಈ ಎರಡು ಸಂಕೇತಗಳು ಮಾಡ್ಯೂಲನ್ನು ತಲಪಲು ಮೂರು ತಂತಿಗಳು ಬೇಕು: ಬಿಲ್ಲೆಗೊಂದು, ಸ್ವಿಚ್ಚಿಗೊಂದು, ಇವೆರಡಕ್ಕೂ ಸಮಾನವಾದ ಭೂತಂತಿಯೊಂದು. ಅದಕ್ಕಾಗಿ ಸ್ಟೀರಿಯೊ ಕೇಬಲನ್ನು ಉಪಯೋಗಿಸುತ್ತಾರೆ. ಅದರ ತುದಿಯ ಕಾಲು ಅಂಗುಲದ ಪಿನ್ನನ್ನು ನೋಡಿದರೆ ಎರಡು ಕಪ್ಪು ಗೆರೆಗಳು ಅದನ್ನು ಮೂರು ಲೋಹಭಾಗಗಳಾಗಿ ವಿಂಗಡಿಸಿರುವುದು ಕಾಣುತ್ತದೆ. ತುದಿಯ ಭಾಗ ಬಿಲ್ಲೆಗೆ, ನಡುವಿನ ಉಂಗುರ ಸ್ವಿಚ್ಚಿಗೆ, ಬುಡದ ಭಾಗ ಭೂತಂತಿಗೆ. ಮೋನೊ ಕೇಬಲಿನ ಪಿನ್ನಿನಲ್ಲಾದರೋ ಕಪ್ಪು ಗೆರೆ ಒಂದೇ, ಉಂಗುರವೇ ಇಲ್ಲ.

ತಪ್ಪು ಎಲ್ಲಿದ್ದಿತು?

ನಮ್ಮ ವಿದ್ಯಾರ್ಥಿಯ ಸಂಗತಿಗೆ ಈಗ ಬರೋಣ. ಹೊಸ ಪ್ಯಾಡಿಗೆ ಉದ್ದನೆಯ ಕೇಬಲು ಬೇಕೆಂದು ಆತನು ಒಂದು ವಾರದ ಹಿಂದೆ ಕೇಳಿದ್ದನು. ನಾವು ಪ್ರಯೋಗಶಾಲೆಯ ಕಪಾಟಿನಲ್ಲಿದ್ದ ಒಂದು ಕೇಬಲನ್ನು ತೆಗೆದುಕೊಟ್ಟಿದ್ದೆವು. ಪಿನ್ನಿನ ಅಳತೆ ಸರಿಯಾಗಿದ್ದುದರಿಂದ ಬೇರೇನನ್ನೂ ನೋಡಿರಲಿಲ್ಲ. ಈಗ ನೋಡಿದರೆ ಅದರಲ್ಲಿದ್ದುದು ಒಂದೇ ಕಪ್ಪು ಗೆರೆ!

ಅದರಿಂದ ಆದುದೇನು? ಮೋನೊ ಪಿನ್ನಿನ ಉದ್ದನೆಯ ಬುಡದ ಭಾಗವು ಮಾಡ್ಯೂಲಿನ ರಂಧ್ರದೊಳಗೆ ಉಂಗುರದ ಸ್ಥಾನವನ್ನೂ ಆಕ್ರಮಿಸಿ, ಸ್ವಿಚ್ಚಿನ ಸಂಪರ್ಕವನ್ನು ನೇರವಾಗಿ ಭೂತಂತಿಗೆ ಕೂಡಿಸಿಬಿಟ್ಟಿತು. ಸ್ವಿಚ್ಚು ಮುಚ್ಚಿದಾಗ ಆಗುವುದೂ ಇದೇ ತಾನೆ? ಪಾಪ, ಯಾರೋ ಸದಾಕಾಲ ಅಂಚನ್ನು ಹಿಡಿದುಕೊಂಡೇ ಇದ್ದಾರೆಂದು ಮಾಡ್ಯೂಲು ಭಾವಿಸಿತು; ಹುಟ್ಟಿದ ನಾದವನ್ನೆಲ್ಲ ಕರ್ತವ್ಯವೆಂಬಂತೆ ಅಡಗಿಸುತ್ತ ಹೋಯಿತು. ಮಾಡ್ಯೂಲುಗಳ ರಚನೆಗೆ ತಕ್ಕಂತೆ ಈ ತಪ್ಪಿನ ಲಕ್ಷಣ ಬೇರೆಯಾಗಬಹುದು; ಕಾರಣ ಮಾತ್ರ ಒಂದೇ. ಸ್ಟೀರಿಯೊ ಕೇಬಲನ್ನು ತರಿಸಿ ಜೋಡಿಸಿದೊಡನೆ ಮೈ, ಅಂಚು ಎರಡೂ ಬೇರೆ ಬೇರೆಯಾಗಿ ನುಡಿದವು. ಹುಡುಗನ ಮುಖದಲ್ಲಿ ಕಳೆ ಬಂದಿತು. ಪಾಠ ಕಲಿತವರು ನಾವು.

ಕೊಳ್ಳುವ ಮುನ್ನ

ಪ್ಯಾಡನ್ನು ಬದಲಾಯಿಸಬೇಕೆಂದಿರುವವರು ಮೊದಲು ನೋಡಬೇಕಾದುದು ತಮ್ಮ ಮಾಡ್ಯೂಲನ್ನು, ಅಂಗಡಿಯ ಪ್ಯಾಡನ್ನಲ್ಲ. ಮಾಡ್ಯೂಲಿನ ಆ ರಂಧ್ರವು ಎಷ್ಟು ವಲಯಗಳನ್ನು ಗುರುತಿಸಬಲ್ಲುದು ಎಂಬುದು ಅದರ ಕೈಪಿಡಿಯಲ್ಲಿರುತ್ತದೆ. ಒಂದೇ ವಲಯವನ್ನು ಬಲ್ಲ ರಂಧ್ರಕ್ಕೆ ಮೂರು ವಲಯಗಳ ಪ್ಯಾಡನ್ನು ಜೋಡಿಸುವುದರಿಂದ ಖರ್ಚು ಹೆಚ್ಚೀತೇ ಹೊರತು ಲಾಭವಿಲ್ಲ.

ಎರಡನೆಯದಾಗಿ, ಎಲ್ಲ ತಯಾರಕರ ವಿದ್ಯುತ್ ಭಾಷೆ ಒಂದೇ ಅಲ್ಲ. ಬೆಲ್, ಮೈ, ಅಂಚು ಎಂಬ ಮೂರು ವಲಯಗಳಿಗೆ ಯಮಾಹಾ ಸಂಸ್ಥೆಯ ಪ್ಯಾಡುಗಳು ಒಂದೇ ಸ್ಟೀರಿಯೊ ಕೇಬಲನ್ನು ಉಪಯೋಗಿಸುತ್ತವೆ. ಒಂದು ಸ್ವಿಚ್ಚಿನ ದಾರಿಯಲ್ಲಿ ರೋಧಕವೊಂದನ್ನಿಟ್ಟರೆ ಎರಡು ಸ್ವಿಚ್ಚುಗಳೂ ಬೇರೆ ಬೇರೆ ವೋಲ್ಟೇಜನ್ನು ತೋರುತ್ತವೆ. ಮಾಡ್ಯೂಲು ಅದರಿಂದ ಯಾವುದು ಬೆಲ್, ಯಾವುದು ಅಂಚು ಎಂದು ಗುರುತಿಸುತ್ತದೆ. ಇದು ಓಮನ ನಿಯಮದ ಒಂದು ಸುಂದರವಾದ ಪ್ರಯೋಗ. ರೋಲ್ಯಾಂಡ್ ಸಂಸ್ಥೆಯ ಮೂರು ವಲಯಗಳ ಅನೇಕ ಪ್ಯಾಡುಗಳು ಇದೇ ಕಾರ್ಯಕ್ಕೆ ಎರಡು ಕೇಬಲುಗಳನ್ನು ಬಳಸುತ್ತವೆ. 2016ರಲ್ಲಿ ಅದೇ ಸಂಸ್ಥೆ ಯುಎಸ್‌ಬಿ ಮೂಲಕ ಅಂಕಿಗಳನ್ನೇ ಕಳಿಸುವ ಸಿಂಬಲ್ ಪ್ಯಾಡನ್ನೂ ಹೊರತಂದಿತು. ಆದುದರಿಂದ ಪಿನ್ನು ರಂಧ್ರದೊಳಗೆ ಹೋಯಿತೆಂಬುದು ಹೊಂದಾಣಿಕೆಯ ಸಾಕ್ಷಿಯಲ್ಲ.

ಮೂರನೆಯದು ಯಂತ್ರರಚನೆಯ ವಿಷಯ. ಅನೇಕ ಪ್ಯಾಡುಗಳಲ್ಲಿ ಅಂಚಿನ ಸ್ವಿಚ್ಚು ಸುತ್ತಲೂ ಇರದೆ, ವಾದಕನ ಕಡೆಯ ಅರ್ಧದಲ್ಲಿ ಮಾತ್ರ ಇರುತ್ತದೆ. ಪೆಟ್ಟಿನ ರಭಸಕ್ಕೆ ಪ್ಯಾಡು ತಿರುಗಿಬಿಟ್ಟರೆ ಅಂಚಿನ ನಾದ ಇಲ್ಲವಾಗುತ್ತದೆ. ಇದನ್ನು ತಡೆಯಲು ಕಂಬಕ್ಕೆ ಒಂದು ಸಣ್ಣ ತಡೆಯನ್ನು ಕೊಟ್ಟಿರುತ್ತಾರೆ; ಅದನ್ನು ಬಿಗಿಯಲು ಮರೆಯಬಾರದು. ಮೇಲಿನ ತಿರುಪನ್ನಾದರೋ ತೀರ ಬಿಗಿಯಬಾರದು. ಸಿಂಬಲ್ಲಿನಂತೆ ಪ್ಯಾಡೂ ತೂಗಾಡಬೇಕು. ಇಲ್ಲವಾದರೆ ಪೆಟ್ಟಿನ ಆಘಾತವೆಲ್ಲ ಮಣಿಕಟ್ಟಿಗೆ ಹಿಂದಿರುಗುತ್ತದೆ.

ಮಾಡ್ಯೂಲನ್ನು ಹದಗೊಳಿಸುವುದು

ಕೇಬಲನ್ನು ಸಿಕ್ಕಿಸುವ ಮುನ್ನ ಮಾಡ್ಯೂಲನ್ನು ಆರಿಸುವುದು ಕ್ಷೇಮ. ಪಿನ್ನು ಒಳಹೋಗುವಾಗ ಸಂಪರ್ಕಗಳು ಕ್ಷಣಕಾಲ ಅಡ್ಡಾದಿಡ್ಡಿಯಾಗಿ ತಗುಲಿ ಹೆಡ್‌ಫೋನಿನಲ್ಲಿ ಸಿಡಿಲಿನಂಥ ಸದ್ದು ಏಳಬಹುದು. ಆಮೇಲೆ ಮಾಡ್ಯೂಲಿನಲ್ಲಿ ಪ್ಯಾಡಿನ ಜಾತಿಯನ್ನು ಸೂಚಿಸಿ, ನಾಲ್ಕು ಅಂಶಗಳನ್ನು ಹೊಂದಿಸಬೇಕು.

ಮೊದಲನೆಯದು ಸೂಕ್ಷ್ಮತೆ: ಅತ್ಯಂತ ಜೋರು ಪೆಟ್ಟಿಗೆ ಮಾತ್ರ 127 ಬರುವಂತಿರಬೇಕು. ಎರಡನೆಯದು ಹೊಸ್ತಿಲು: ಇದಕ್ಕಿಂತ ಕಡಿಮೆಯ ಅಲೆಗಳನ್ನು ಮಾಡ್ಯೂಲು ಲೆಕ್ಕಿಸದು. ಹೊಸ್ತಿಲು ಹೆಚ್ಚಾದರೆ ಮೃದುವಾದ ಪೆಟ್ಟುಗಳು ಕಳೆದುಹೋಗುತ್ತವೆ. ಕಡಿಮೆಯಾದರೆ ನೆಲದ ಕಂಪನಕ್ಕೂ ಸಿಂಬಲ್ಲು ನುಡಿಯುತ್ತದೆ. ಮೂರನೆಯದು ಕಾಲಕ್ಕೆ ಸಂಬಂಧಿಸಿದ್ದು. ಬಿಲ್ಲೆಯ ಅಲೆ ಒಮ್ಮೆಗೇ ನಿಲ್ಲದೆ ಮೇಲೆ ಕೆಳಗೆ ತೂಗುತ್ತ ಕ್ಷೀಣಿಸುತ್ತದೆ. ಮೊದಲ ಒಂದೆರಡು ಮಿಲಿಸೆಕೆಂಡುಗಳಲ್ಲಿ ಮಾಡ್ಯೂಲು ಅಲೆಯ ಶಿಖರವನ್ನು ಅಳೆದು, ಅನಂತರ ಕೊಂಚ ಹೊತ್ತು ಕಿವಿ ಮುಚ್ಚಿಕೊಳ್ಳಬೇಕು. ಇಲ್ಲವಾದರೆ ಒಂದು ಪೆಟ್ಟು ಎರಡಾಗಿ ಕೇಳುತ್ತದೆ. ಆ ಅವಧಿ ತೀರ ಉದ್ದವಾದರೆ ವೇಗವಾಗಿ ನುಡಿಸಿದ ನಿಜವಾದ ಎರಡನೆಯ ಪೆಟ್ಟೇ ಕಳೆದುಹೋದೀತು.

ನಾಲ್ಕನೆಯದು ಪರಸ್ಪರ ಕಂಪನದ ಬಾಧೆ. ಎಲ್ಲ ಪ್ಯಾಡುಗಳೂ ಒಂದೇ ಲೋಹದ ಚೌಕಟ್ಟಿಗೆ ಬಿಗಿದಿರುವುದರಿಂದ, ಮೇಜಿನ ಒಂದು ಮೂಲೆಗೆ ಗುದ್ದಿದರೆ ಇನ್ನೊಂದು ಮೂಲೆಯ ಲೋಟ ಅಲುಗುವಂತೆ, ಒಂದಕ್ಕೆ ಹೊಡೆದರೆ ಮತ್ತೊಂದು ನುಡಿಯುವುದುಂಟು. ಹೊಸ ಪ್ಯಾಡು ಹಳೆಯದಕ್ಕಿಂತ ಭಾರವಾಗಿದ್ದರೆ ಈ ಬಾಧೆ ಹೆಚ್ಚಬಹುದು. ಇದನ್ನು ಮಾಡ್ಯೂಲಿನಲ್ಲಿ ಸರಿಪಡಿಸುವ ಮುನ್ನ ಚೌಕಟ್ಟಿನ ತಿರುಪುಗಳನ್ನು ಬಿಗಿಮಾಡಿ ನೋಡುವುದು ಒಳ್ಳೆಯದು. ಒಂದು ಸಲಕ್ಕೆ ಒಂದೇ ಅಂಶವನ್ನು ಬದಲಾಯಿಸಿ ಫಲವನ್ನು ಗಮನಿಸಬೇಕು. ಪ್ರಯೋಗಶಾಲೆಯ ಈ ನಿಯಮ ಇಲ್ಲಿಯೂ ಸಲ್ಲುತ್ತದೆ.

ಮೇಲಿನದನ್ನೆಲ್ಲ ಗಮನಿಸಿದರೆ, ಸಿಂಬಲ್ಲಿನ ನಾದವು ಪ್ಯಾಡಿನಲ್ಲಿಯೂ ಇಲ್ಲ, ತಂತಿಯಲ್ಲಿಯೂ ಇಲ್ಲ ಎಂಬುದು ಸ್ಪಷ್ಟವಾಗುತ್ತದೆ. ಪ್ಯಾಡು ಕೈಯ ಮಾತನ್ನು ಮುಟ್ಟಿಸುವ ದೂತ ಮಾತ್ರ. ಕೈ, ಪ್ಯಾಡು, ಕೇಬಲು, ಮಾಡ್ಯೂಲು ಇವುಗಳಲ್ಲಿ ಯಾವುದೊಂದು ಒಂದು ಪದವನ್ನು ನುಂಗಿದರೂ ಸಂದೇಶ ಕೆಡುತ್ತದೆ. ಬೆಲೆಬಾಳುವ ವಸ್ತುವನ್ನು ಕೆಟ್ಟಿದೆಯೆಂದು ಹಿಂದಿರುಗಿಸುವ ಮುನ್ನ, ಅದನ್ನು ಜೋಡಿಸಿದ ಅಗ್ಗದ ವಸ್ತುವನ್ನು ಒಮ್ಮೆ ಕಣ್ಣಿಟ್ಟು ನೋಡಬೇಕು. ನಮ್ಮ ವಿದ್ಯಾರ್ಥಿಯು ಈಗ ರಾತ್ರಿ ಹನ್ನೊಂದರವರೆಗೂ ಅಭ್ಯಾಸ ಮಾಡುತ್ತಾನೆ. ಕೆಳಗಿನ ಮನೆಯವರಿಗೆ ಕೇಳಿಸುವುದು ಮೆಲ್ಲನೆಯ ‘ತಪ್ ತಪ್’ ಸದ್ದು ಮಾತ್ರ. ಅವನಿಗೆ ಕೇಳಿಸುವುದು ಕಂಚು.