ಮುಪ್ಪಾದುದು ಫೋನೇ, ಅದರ ಬ್ಯಾಟರಿಯೇ?

ಒಂದು ಯಂತ್ರಕ್ಕೆ ಮುಪ್ಪು ಬಂದಿತೆಂದು ಯಾವಾಗ ಹೇಳಬೇಕು? ಎತ್ತಿನ ಗಾಡಿಯ ಕೀಲು ಸವೆದರೆ ರೈತನು ಗಾಡಿಯನ್ನೇ ಮಾರಿ ಬರುವುದಿಲ್ಲ. ಹೊಸ ಕೀಲನ್ನು ಹಾಕಿಸುತ್ತಾನೆ. ಚಕ್ರದ ಕಬ್ಬಿಣದ ಪಟ್ಟಿ ಸಡಿಲವಾದರೆ ಕಮ್ಮಾರನಲ್ಲಿಗೆ ಹೋಗುತ್ತಾನೆ. ಗಾಡಿಯ ಭಾಗಗಳೆಲ್ಲ ಒಂದೇ ವೇಗದಲ್ಲಿ ಸವೆಯುವುದಿಲ್ಲವೆಂಬುದು ಅವನಿಗೆ ಗೊತ್ತು. ನಮ್ಮ ಕಿಸೆಯಲ್ಲಿರುವ ಸ್ಮಾರ್ಟ್‌ಫೋನಿನ ವಿಷಯದಲ್ಲಾದರೋ ಈ ವಿವೇಕವನ್ನು ನಾವು ಮರೆತಂತಿದೆ. 'ಫೋನು ನಿಧಾನವಾಗಿದೆ, ಚಾರ್ಜು ನಿಲ್ಲುವುದಿಲ್ಲ, ಹಳೆಯದಾಯಿತು' ಎಂದು ಮಗನೋ ಮಗಳೋ ಮನೆಯಲ್ಲಿ ಹೇಳುವುದು, ಇಪ್ಪತ್ತು ಸಾವಿರ ರೂಪಾಯಿಗಳು ಕೈಬಿಡುವುದು, ಇದು ಈಗ ಸರ್ವಸಾಧಾರಣವಾಗಿದೆ. ಅನೇಕ ಮನೆಗಳಲ್ಲಿ ಅದು ಒಂದು ತಿಂಗಳ ಸಂಪಾದನೆ. ಹೀಗಿರುವಲ್ಲಿ, ಕೆಟ್ಟಿರುವ ಭಾಗ ಯಾವುದು, ಅದನ್ನು ಮಾತ್ರ ಬದಲಾಯಿಸಿದರೆ ಸಾಲದೇ ಎಂದು ಮೊದಲು ವಿಚಾರಿಸುವುದು ಯುಕ್ತ. ಇದಕ್ಕೆ ಬೇಕಾದ ಭೌತವಿಜ್ಞಾನವು ನಮ್ಮ ವಿದ್ಯಾರ್ಥಿಗಳು ತರಗತಿಯಲ್ಲಿ ಕಲಿಯುವುದಕ್ಕಿಂತ ಬಹಳ ದೂರದ್ದೇನೂ ಅಲ್ಲ.

ಮೊದಲು ಬ್ಯಾಟರಿಯನ್ನು ತೆಗೆದುಕೊಳ್ಳೋಣ. ಫೋನಿನ ಆಯುಸ್ಸನ್ನು ನಿರ್ಣಯಿಸುವುದರಲ್ಲಿ ಇದಕ್ಕೇ ಅಗ್ರಸ್ಥಾನ. ಫೋನಿನಲ್ಲಿರುವುದು ಲಿಥಿಯಂ ಅಯಾನು ಕೋಶ. ಇದರ ಒಂದು ಧ್ರುವವು ಗ್ರಾಫೈಟಿನದು. ಇನ್ನೊಂದು ಸಾಮಾನ್ಯವಾಗಿ ಲಿಥಿಯಂ ಮತ್ತು ಕೋಬಾಲ್ಟುಗಳ ಆಕ್ಸೈಡಿನದು. ಎರಡಕ್ಕೂ ಪದರಪದರವಾದ ರಚನೆಯುಂಟು. ಚಾರ್ಜು ಮಾಡುವಾಗ ಲಿಥಿಯಂ ಅಯಾನುಗಳು ಆಕ್ಸೈಡಿನ ಪದರಗಳಿಂದ ಹೊರಟು, ನಡುವಣ ದ್ರವವನ್ನು ದಾಟಿ, ಗ್ರಾಫೈಟಿನ ಪದರಗಳೊಳಗೆ ಸೇರಿಕೊಳ್ಳುತ್ತವೆ. ಫೋನನ್ನು ಬಳಸುವಾಗ ಬಂದ ದಾರಿಯಲ್ಲಿಯೇ ಹಿಂದಿರುಗುತ್ತವೆ. ಕೋಬಾಲ್ಟ್ ಆಕ್ಸೈಡಿನ ಈ ಗುಣವನ್ನು ಜಾನ್ ಗುಡಿನಫ್ ಮತ್ತು ಅವರ ಸಂಗಡಿಗರು ೧೯೮೦ರಲ್ಲಿ ಆಕ್ಸ್‌ಫರ್ಡಿನಿಂದ ಪ್ರಕಟಿಸಿದರು. ಜಪಾನಿನ ಅಕಿರಾ ಯೋಶಿನೊ ೧೯೮೫ರಲ್ಲಿ ಇದಕ್ಕೆ ಬಳಕೆಗೆ ಯೋಗ್ಯವಾದ ರೂಪವನ್ನು ಕೊಟ್ಟರು. ೧೯೯೧ರಲ್ಲಿ ಸೋನಿ ಸಂಸ್ಥೆಯು ಇಂತಹ ಕೋಶಗಳನ್ನು ಮಾರುಕಟ್ಟೆಗೆ ತಂದಿತು. ೨೦೧೯ರ ರಸಾಯನ ವಿಜ್ಞಾನದ ನೊಬೆಲ್ ಪಾರಿತೋಷಕವು ಇವರಿಬ್ಬರಿಗೂ ಸ್ಟಾನ್ಲಿ ವಿಟಿಂಗ್‌ಹ್ಯಾಮ್ ಅವರಿಗೂ ಸಂದಿತು.

ಅಯಾನುಗಳ ಈ ಸಂಚಾರವು ನಷ್ಟವಿಲ್ಲದೆ ನಡೆಯುವುದಾಗಿದ್ದರೆ ಕೋಶಕ್ಕೆ ಮುಪ್ಪೇ ಇರುತ್ತಿರಲಿಲ್ಲ. ಆದರೆ ಗ್ರಾಫೈಟಿನ ಮೇಲ್ಮೈಯಲ್ಲಿ ದ್ರವವೂ ಲಿಥಿಯಮ್ಮೂ ವರ್ತಿಸಿ ತೆಳುವಾದ ಒಂದು ಪೊರೆ ಕಟ್ಟುತ್ತದೆ. ಈ ಪೊರೆಯು ಬೇಕಾದದ್ದೇ. ಅದು ಇಲ್ಲದಿದ್ದರೆ ದ್ರವವೆಲ್ಲವೂ ಬೇಗನೆ ಕೆಟ್ಟುಹೋಗುತ್ತಿತ್ತು. ತೊಂದರೆಯೆಂದರೆ ಅದು ಬೆಳೆಯುತ್ತಲೇ ಹೋಗುತ್ತದೆ. ಇದರಿಂದ ಎರಡು ಪರಿಣಾಮಗಳುಂಟಾಗುವುವು. ಪೊರೆಯಲ್ಲಿ ಸಿಕ್ಕಿಕೊಂಡ ಲಿಥಿಯಂ ಮತ್ತೆ ಸಂಚಾರಕ್ಕೆ ಬಾರದು; ಆದುದರಿಂದ ಕೋಶದ ಧಾರಣೆ ಕುಗ್ಗುವುದು. ಅಯಾನುಗಳು ದಪ್ಪನಾದ ಪೊರೆಯನ್ನು ದಾಟಬೇಕಾದುದರಿಂದ ಕೋಶದ ಆಂತರಿಕ ರೋಧವು ಹೆಚ್ಚುವುದು. ಮೊದಲನೆಯದು ಎಲ್ಲರಿಗೂ ಕಾಣುತ್ತದೆ: ಬೆಳಗ್ಗೆ ತುಂಬಿದ ಚಾರ್ಜು ಮಧ್ಯಾಹ್ನಕ್ಕೆ ಮುಗಿಯುತ್ತದೆ. ಎರಡನೆಯದು ಕಾಣುವುದಿಲ್ಲ. ಆದರೆ ಮೋಸ ಮಾಡುವುದು ಅದೇ.

ಹೇಗೆಂದು ನೋಡೋಣ. ಕೋಶದ ವಿದ್ಯುಚ್ಚಾಲಕ ಬಲವು ೩.೮ ವೋಲ್ಟ್ ಎಂದೂ ಹೊಸದಾಗಿದ್ದಾಗ ಅದರ ಆಂತರಿಕ ರೋಧವು ೦.೧ ಓಮ್ ಎಂದೂ ಇಟ್ಟುಕೊಳ್ಳೋಣ. ಫೋನು ಒಂದು ಕ್ಷಣ ಹೆಚ್ಚು ಕೆಲಸ ಮಾಡಬೇಕಾಗಿ ಬಂದು ೨ ಆಂಪೇರ್ ಪ್ರವಾಹವನ್ನು ಎಳೆದರೆ, ಕೋಶದೊಳಗೇ ೦.೨ ವೋಲ್ಟ್ ನಷ್ಟವಾಗಿ ಹೊರಗೆ ೩.೬ ವೋಲ್ಟ್ ದೊರೆಯುವುದು. ಅಡ್ಡಿಯಿಲ್ಲ. ಮೂರು ವರ್ಷಗಳ ಬಳಿಕ ರೋಧವು ೦.೩ ಓಮಿಗೆ ಏರಿದ್ದರೆ ಅದೇ ಪ್ರವಾಹಕ್ಕೆ ೦.೬ ವೋಲ್ಟ್ ನಷ್ಟವಾಗಿ ಉಳಿಯುವುದು ೩.೨ ವೋಲ್ಟ್ ಮಾತ್ರ. ಚಾರ್ಜು ಇಳಿದಾಗ ವಿದ್ಯುಚ್ಚಾಲಕ ಬಲವೇ ೩.೫ ವೋಲ್ಟಿಗೆ ಬಂದಿರುತ್ತದೆ, ಆಗ ೨.೯ ವೋಲ್ಟ್ ಸಿಕ್ಕರೆ ಫೋನಿನ ಮಂಡಲವು ಅದನ್ನು ಸಾಲದೆಂದು ಕಂಡು ತಟ್ಟನೆ ಆರಿಹೋಗುವುದು. ತೆರೆಯ ಮೇಲೆ ಇನ್ನೂ ಶೇಕಡಾ ೨೦ ಉಳಿದಿದೆಯೆಂದು ತೋರಿಸುತ್ತಿದ್ದ ಫೋನು ಕ್ಯಾಮರಾ ತೆರೆದೊಡನೆ ಸತ್ತುಹೋಗುವ ವಿಚಿತ್ರಕ್ಕೆ ಕಾರಣವಿದು. ಚಳಿಯಲ್ಲಿ ಆಂತರಿಕ ರೋಧವು ಮತ್ತಷ್ಟು ಹೆಚ್ಚುವುದರಿಂದ ಶೀತದೇಶಗಳಲ್ಲಿ ಈ ತೊಂದರೆ ಅಧಿಕ.

ಈ ಸಣ್ಣ ಗಣಿತವು ಒಮ್ಮೆ ಜಗತ್ತಿನ ನ್ಯಾಯಾಲಯಗಳವರೆಗೆ ಹೋಯಿತು. ಆಪಲ್ ಸಂಸ್ಥೆಯ ಐಫೋನ್ ೬ ಮತ್ತು ೬ಎಸ್ ಮಾದರಿಗಳು ಹೀಗೆ ಆರಿಹೋಗುತ್ತಿದ್ದುವು. ಅದನ್ನು ತಡೆಯಲು ಸಂಸ್ಥೆಯು ೨೦೧೭ರ ಜನವರಿಯಲ್ಲಿ ತಂತ್ರಾಂಶವನ್ನು ಮಾರ್ಪಡಿಸಿತು: ಕೋಶಕ್ಕೆ ಮುಪ್ಪು ಬಂದಿದ್ದರೆ ಪ್ರೊಸೆಸರಿನ ವೇಗವನ್ನು ತಗ್ಗಿಸಿ, ಪ್ರವಾಹವು ಏಕಾಏಕಿ ಏರದಂತೆ ಮಾಡುವುದು. ಭೌತವಿಜ್ಞಾನದ ದೃಷ್ಟಿಯಿಂದ ಇದು ಜಾಣತನದ ಉಪಾಯವೇ ಸರಿ. ಆದರೆ ಬಳಕೆದಾರರಿಗೆ ಇದನ್ನು ಸ್ಪಷ್ಟವಾಗಿ ತಿಳಿಸಲಿಲ್ಲ. ಫೋನು ನಿಧಾನವಾದುದನ್ನು ಕಂಡವರು ಯಂತ್ರವೇ ಹಳೆಯದಾಯಿತೆಂದು ಭಾವಿಸುವುದು ಸಹಜವಾಗಿತ್ತು. ಅದೇ ವರ್ಷದ ಡಿಸೆಂಬರಿನಲ್ಲಿ ಗೀಕ್‌ಬೆಂಚ್ ಎಂಬ ವೇಗಮಾಪನ ತಂತ್ರಾಂಶವನ್ನು ರಚಿಸಿದ ಜಾನ್ ಪೂಲ್ ಅವರು ಈ ಫೋನುಗಳ ವೇಗದ ಅಂಕಿಗಳನ್ನು ಪ್ರಕಟಿಸಿದಾಗ ಗುಟ್ಟು ಬಯಲಾಯಿತು. ಸಂಸ್ಥೆಯು ಕ್ಷಮೆ ಕೇಳಿ, ಹೊಸ ಬ್ಯಾಟರಿ ಹಾಕಿಕೊಡುವ ದರವನ್ನು ೭೯ ಡಾಲರಿನಿಂದ ೨೯ ಡಾಲರಿಗೆ ಇಳಿಸಿತು. ಮುಂದೆ ೨೦೨೦ರ ಫೆಬ್ರವರಿಯಲ್ಲಿ ಫ್ರಾನ್ಸ್ ದೇಶವು ೨೫ ದಶಲಕ್ಷ ಯೂರೋ ದಂಡವನ್ನು ವಿಧಿಸಿತು. ನಮಗೆ ದಂಡಕ್ಕಿಂತ ಹೆಚ್ಚು ಬೋಧಪ್ರದವಾಗಿ ತೋರುವುದು ಇನ್ನೊಂದು ಸಂಗತಿ. ೨೦೧೯ರ ಜನವರಿಯಲ್ಲಿ ಸಂಸ್ಥೆಯ ಮುಖ್ಯಸ್ಥ ಟಿಮ್ ಕುಕ್ ಅವರು ಷೇರುದಾರರಿಗೆ ಬರೆದ ಪತ್ರದಲ್ಲಿ, ಹೊಸ ಐಫೋನುಗಳ ಮಾರಾಟವು ನಿರೀಕ್ಷೆಯಷ್ಟು ಆಗದುದಕ್ಕೆ ಕಾರಣಗಳನ್ನು ಹೇಳುತ್ತ, ಅಗ್ಗದ ದರದಲ್ಲಿ ಜನರು ಬ್ಯಾಟರಿ ಬದಲಾಯಿಸಿಕೊಂಡುದನ್ನೂ ಒಂದು ಕಾರಣವಾಗಿ ಸೇರಿಸಿದರು. ಎಂದರೆ, ಹೊಸ ಕೋಶವು ದೊರೆತೊಡನೆ ಹೊಸ ಫೋನು ಬೇಡವಾದವರು ಲೆಕ್ಕಕ್ಕೆ ಸಿಗುವಷ್ಟು ಮಂದಿ ಇದ್ದರು!

ಕೋಶವು ಬಾಳುವುದು ಎಷ್ಟು ಕಾಲ? ಸೊನ್ನೆಯಿಂದ ನೂರರವರೆಗಿನ ಚಾರ್ಜನ್ನು ಒಂದು ಆವರ್ತ ಎಣಿಸುತ್ತಾರೆ. ಎರಡು ದಿನ ಅರ್ಧರ್ಧ ತುಂಬಿದರೂ ಒಂದೇ ಆವರ್ತ. ೫೦೦ ಆವರ್ತಗಳ ಬಳಿಕ ಧಾರಣೆಯ ಶೇಕಡಾ ೮೦ ಉಳಿಯಬೇಕೆಂಬುದು ಬಹುಕಾಲ ತಯಾರಕರ ಅಳತೆಯಾಗಿದ್ದಿತು. ೨೦೨೫ರ ಜೂನ್ ೨೦ರಿಂದ ಯುರೋಪಿನ ಒಕ್ಕೂಟವು ಅಲ್ಲಿ ಮಾರುವ ಹೊಸ ಮಾದರಿಗಳಿಗೆ ೮೦೦ ಆವರ್ತಗಳನ್ನು ವಿಧಿಸಿದೆ. ಆವರ್ತಗಳಿಗಿಂತಲೂ ಕ್ರೂರವಾದ ಶತ್ರು ಉಷ್ಣ. ರಾಸಾಯನಿಕ ಕ್ರಿಯೆಗಳ ವೇಗವು ಪ್ರತಿ ೧೦ ಡಿಗ್ರಿ ಸೆಲ್ಸಿಯಸಿಗೆ ಸ್ಥೂಲವಾಗಿ ಇಮ್ಮಡಿಯಾಗುವುದೆಂಬ ನಿಯಮವನ್ನು ವಾಚಕರು ಓದಿರಬಹುದು. ಮೇಲೆ ಹೇಳಿದ ಪೊರೆಯ ಬೆಳವಣಿಗೆಯೂ ಒಂದು ರಾಸಾಯನಿಕ ಕ್ರಿಯೆಯೇ. ಮೇ ತಿಂಗಳಲ್ಲಿ ಕಲಬುರಗಿ, ರಾಯಚೂರುಗಳ ಗಾಳಿಯೇ ೪೦ ಡಿಗ್ರಿಯನ್ನು ದಾಟುತ್ತದೆ. ಬಿಸಿಲಿನಲ್ಲಿ ನಿಲ್ಲಿಸಿದ ಕಾರಿನೊಳಗಿನ ಮಾತು ಹೇಳಬೇಕಾದುದಿಲ್ಲ. ನೂರಕ್ಕೆ ನೂರು ತುಂಬಿದ ಕೋಶವು ಬಿಸಿಯಲ್ಲಿದ್ದರೆ ಹಾನಿ ಇನ್ನೂ ಹೆಚ್ಚು. ದಿಂಬಿನ ಕೆಳಗಿಟ್ಟು ರಾತ್ರಿಯೆಲ್ಲ ಚಾರ್ಜು ಮಾಡುವ ಅಭ್ಯಾಸವನ್ನು ನಮ್ಮ ವಿದ್ಯಾರ್ಥಿನಿಲಯಗಳಲ್ಲಿ ಬಿಡಿಸುವುದು ಸುಲಭವಲ್ಲವೆಂಬುದನ್ನು ನಾವು ಬಲ್ಲೆವು. ಆದರೂ ಹೇಳದೆ ವಿಧಿಯಿಲ್ಲ.

ಹಿಂದಿನ ಫೋನುಗಳಲ್ಲಿ ಬೆನ್ನಿನ ಮುಚ್ಚಳವನ್ನು ಉಗುರಿನಿಂದ ತೆರೆದು ಬ್ಯಾಟರಿ ಬದಲಾಯಿಸಬಹುದಾಗಿತ್ತು. ಈಗ ಅದನ್ನು ಅಂಟಿನಿಂದ ಕೂರಿಸಿ ಮೇಲೆ ಗಾಜನ್ನು ಅಂಟಿಸುತ್ತಾರೆ. ಇದು ಕೇವಲ ದುರಾಶೆಯೆಂದು ಹೇಳಲಾಗದು. ಯಂತ್ರವು ತೆಳ್ಳಗಾಗುವುದು, ನೀರು ಒಳಸೇರದಿರುವುದು, ಇವೆರಡೂ ಈ ವಿನ್ಯಾಸದಿಂದ ಸುಲಭವಾದುವು. ಆದರೆ ಎರಡು ಮೂರು ವರ್ಷಕ್ಕೆ ಸವೆಯುವ ಭಾಗವನ್ನು ಹತ್ತು ವರ್ಷ ಬಾಳುವ ಭಾಗಗಳೊಡನೆ ಅಂಟಿಸಿಬಿಡುವುದು ಒಳ್ಳೆಯ ವಿನ್ಯಾಸವೆನಿಸದೆಂದೇ ನಮ್ಮ ಅಭಿಪ್ರಾಯ.

ಇನ್ನು ಗಾಜಿನ ವಿಚಾರ. ೨೦೦ ಗ್ರಾಂ ತೂಕದ ಫೋನು ಒಂದು ಮೀಟರು ಎತ್ತರದಿಂದ ಬಿದ್ದಾಗ ನೆಲವನ್ನು ಸೆಕೆಂಡಿಗೆ ಸುಮಾರು ೪.೪ ಮೀಟರು ವೇಗದಲ್ಲಿ ಮುಟ್ಟುತ್ತದೆ. ಆಗ ಅದರ ಶಕ್ತಿಯು ಸುಮಾರು ೨ ಜೂಲು ಮಾತ್ರ. ಕೆಡುಕಿರುವುದು ಶಕ್ತಿಯಲ್ಲಲ್ಲ, ಅದು ಎಷ್ಟು ದೂರದಲ್ಲಿ ವ್ಯಯವಾಗುವುದೆಂಬುದರಲ್ಲಿ. ಕಡಪ ಕಲ್ಲಿನ ನೆಲದ ಮೇಲೆ ಫೋನು ಅರ್ಧ ಮಿಲಿಮೀಟರಿನಲ್ಲಿ ನಿಂತುಬಿಟ್ಟರೆ ಸರಾಸರಿ ಬಲವು ಅದರ ತೂಕದ ೨೦೦೦ ಪಟ್ಟು, ಎಂದರೆ ೪೦೦ ಕಿಲೋಗ್ರಾಂ ಭಾರಕ್ಕೆ ಸಮ. ಎರಡು ಮಿಲಿಮೀಟರು ಅದುಮಿಕೊಳ್ಳುವ ರಬ್ಬರಿನ ಕವಚವಿದ್ದರೆ ನಿಲ್ಲುವ ದೂರವು ಎರಡೂವರೆ ಮಿಲಿಮೀಟರಾಗಿ ಬಲವು ೮೦ ಕಿಲೋಗ್ರಾಂ ಭಾರಕ್ಕೆ ಇಳಿಯುತ್ತದೆ. ಕೆಲವು ನೂರು ರೂಪಾಯಿಯ ಕವಚವು ಮಾಡುವ ಕೆಲಸವಿಷ್ಟೇ.

ಆದರೆ ಹತ್ತು ಸಲ ಬಿದ್ದರೂ ಒಡೆಯದ ಫೋನು ಹನ್ನೊಂದನೆಯ ಸಲ ಮೇಜಿನಿಂದ ಜಾರಿದ ಮಾತ್ರಕ್ಕೆ ಒಡೆಯುವುದೇಕೆ? ಪರಮಾಣುಗಳ ಬಂಧಗಳಿಂದ ಲೆಕ್ಕ ಹಾಕಿದರೆ ಗಾಜು ಇರಬೇಕಾದುದಕ್ಕಿಂತ ವಾಸ್ತವವಾಗಿ ಸುಮಾರು ನೂರು ಪಟ್ಟು ದುರ್ಬಲ. ಇದಕ್ಕೆ ಉತ್ತರವನ್ನು ೧೯೨೧ರಲ್ಲಿ ಪ್ರಕಟವಾದ ಪ್ರಬಂಧದಲ್ಲಿ ಇಂಗ್ಲೆಂಡಿನ ಎಂಜಿನಿಯರ್ ಎ. ಎ. ಗ್ರಿಫಿತ್ ಕೊಟ್ಟರು. ಗಾಜಿನ ಮೇಲ್ಮೈಯಲ್ಲಿ ಕಣ್ಣಿಗೆ ಕಾಣದ ಬಿರುಕುಗಳಿರುತ್ತವೆ. ಎಳೆತವೆಲ್ಲ ಬಿರುಕಿನ ಮೊನೆಯಲ್ಲಿ ಸೇರಿಕೊಳ್ಳುತ್ತದೆ. ಬಿರುಕು ಒಂದು ಮಿತಿಯನ್ನು ಮೀರಿದೊಡನೆ ತಾನಾಗಿ ಓಡುತ್ತದೆ. ಫೋನಿನ ಗಾಜನ್ನು ಬಲಪಡಿಸುವ ಉಪಾಯವು ಈ ತಿಳಿವಳಿಕೆಯನ್ನೇ ಅವಲಂಬಿಸಿದೆ. ಸೋಡಿಯಮ್ಮುಳ್ಳ ಗಾಜನ್ನು ಸುಮಾರು ೪೦೦ ಡಿಗ್ರಿಯಲ್ಲಿ ಕರಗಿದ ಪೊಟ್ಯಾಸಿಯಂ ಲವಣದಲ್ಲಿ ಮುಳುಗಿಸಿದರೆ, ಮೇಲ್ಪದರದ ಸೋಡಿಯಂ ಅಯಾನುಗಳು ಹೊರಬಂದು ಅವುಗಳಿಗಿಂತ ದೊಡ್ಡವಾದ ಪೊಟ್ಯಾಸಿಯಂ ಅಯಾನುಗಳು ಆ ಜಾಗಗಳಲ್ಲಿ ತುರುಕಿಕೊಳ್ಳುತ್ತವೆ. ಬಸ್ಸಿನಲ್ಲಿ ಇಬ್ಬರ ಆಸನದಲ್ಲಿ ಮೂವರು ಕುಳಿತಂತೆ ಮೇಲ್ಪದರವು ಸದಾ ಅದುಮಲ್ಪಟ್ಟ ಸ್ಥಿತಿಯಲ್ಲಿರುತ್ತದೆ. ಬಿರುಕುಗಳು ಬಾಯಿ ತೆರೆಯಲಾರವು. ಕಾರ್ನಿಂಗ್ ಸಂಸ್ಥೆಯು ೧೯೬೦ರ ದಶಕದಲ್ಲಿಯೇ ಇಂತಹ ಗಾಜನ್ನು ಮಾಡಿದ್ದಿತು. ಅದಕ್ಕೆ ದೊಡ್ಡ ಬೇಡಿಕೆ ಹುಟ್ಟಿದುದು ೨೦೦೭ರಲ್ಲಿ ಐಫೋನು ಬಂದ ಮೇಲೆ.

ಅದುಮಿದ ಪದರದ ದಪ್ಪ ಕೆಲವು ಹತ್ತು ಮೈಕ್ರೋಮೀಟರುಗಳು ಮಾತ್ರ, ಕೂದಲೆಳೆಯಷ್ಟು. ಅದನ್ನು ಭೇದಿಸುವ ಗೀರು ಬಿದ್ದರೆ ರಕ್ಷಣೆ ಮುಗಿಯಿತು. ಕಿಸೆಯಲ್ಲಿನ ಬೀಗದ ಕೈಯಿಂದ ಅಷ್ಟು ಭಯವಿಲ್ಲ. ಲೋಹವು ಗಾಜಿಗಿಂತ ಮೃದು. ಭಯವಿರುವುದು ಮರಳಿನ ಕಣದಿಂದ. ಮರಳಿನ ಸ್ಫಟಿಕಶಿಲೆಯ ಕಾಠಿಣ್ಯವು ಮೋಸ್ ಮಾನದಲ್ಲಿ ೭. ಗಾಜಿನದು ಸುಮಾರು ೬. ಹತ್ತು ಸಲ ಬಿದ್ದು ಉಳಿದ ಫೋನು ಗಟ್ಟಿಯಾದುದೆಂದು ಹಿಗ್ಗಬಾರದು. ಅದರ ಮೈಯಲ್ಲಿ ಹತ್ತು ಸಲದ ಗೀರುಗಳು ಕಾದು ಕುಳಿತಿರಬಹುದು.

ಮುಪ್ಪಿಲ್ಲದ ಭಾಗವೂ ಒಂದುಂಟು. ಪ್ರೊಸೆಸರಿನ ಅರೆವಾಹಕ ತುಣುಕು ನಾಲ್ಕೈದು ವರ್ಷಗಳಲ್ಲಿ ನಿಧಾನವಾಗುವ ವಸ್ತುವಲ್ಲ. ಅದು ಮೊದಲ ದಿನ ಮಾಡಿದ ಕೆಲಸವನ್ನು ಇಂದೂ ಅಷ್ಟೇ ವೇಗದಲ್ಲಿ ಮಾಡಬಲ್ಲದು. ಹೆಚ್ಚಿದುದು ತಂತ್ರಾಂಶಗಳ ಭಾರ. ಸ್ಮೃತಿಕೋಶವು ಚಿತ್ರಗಳಿಂದ ಕಿಕ್ಕಿರಿದಿದ್ದರೂ ಫೋನು ತೊದಲುತ್ತದೆ. ಹೊಸದನ್ನು ಬರೆಯಲು ಅದಕ್ಕೆ ಬರಿದಾದ ಜಾಗ ಬೇಕು. ಅದನ್ನು ತೆರವು ಮಾಡಲು ಖರ್ಚೇನೂ ಇಲ್ಲ.

ಹೊಸ ಕ್ಯಾಮರಾದ ಆಸೆಯನ್ನೂ ಒಮ್ಮೆ ತೂಗಿ ನೋಡಬೇಕು. ೨೦ ಕೋಟಿ ಬಿಂದುಗಳೆಂದು ಸಾರುವ ಕ್ಯಾಮರಾಗಳಲ್ಲಿ ಒಂದೊಂದು ಬಿಂದುವಿನ ಅಗಲ ಸುಮಾರು ೦.೬ ಮೈಕ್ರೋಮೀಟರು. ಬೆಳಕಿನ ವಿವರ್ತನೆಯಿಂದಾಗಿ ಮಸೂರವು ನಕ್ಷತ್ರದಂತಹ ಚುಕ್ಕೆಯನ್ನೂ ಒಂದು ಬಿಲ್ಲೆಯಾಗಿಯೇ ಚಿತ್ರಿಸುತ್ತದೆ. ಸಂಗಮದೂರವು ದ್ವಾರದ ವ್ಯಾಸದ ೧.೮ರಷ್ಟಿದ್ದರೆ, ೦.೫೫ ಮೈಕ್ರೋಮೀಟರು ತರಂಗದೂರದ ಹಸಿರು ಬೆಳಕಿಗೆ ಈ ಬಿಲ್ಲೆಯ ವ್ಯಾಸವು ೨.೪೪ × ೦.೫೫ × ೧.೮, ಅಂದರೆ ಸುಮಾರು ೨.೪ ಮೈಕ್ರೋಮೀಟರು. ಒಂದು ಚುಕ್ಕೆಯ ಅಗಲದಲ್ಲಿ ನಾಲ್ಕು ಬಿಂದುಗಳು ಕೂತವು! ಇಂತಹ ಕ್ಯಾಮರಾಗಳು ಹಲವು ಸಂದರ್ಭಗಳಲ್ಲಿ ಹದಿನಾರು ಬಿಂದುಗಳನ್ನು ಒಂದಾಗಿ ಕೂಡಿಸಿಕೊಳ್ಳುವುದರಲ್ಲಿ ಆಶ್ಚರ್ಯವೇನೂ ಇಲ್ಲ. ಜಾಹೀರಾತಿನ ಕೋಟಿಗಳಿಗೆ ಪ್ರಕೃತಿಯೇ ಕಡಿವಾಣ ಹಾಕಿದೆ.

ಹಾಗಾದರೆ ನಿರ್ಧಾರ ಹೇಗೆ? ಬ್ಯಾಟರಿಯನ್ನು ಬದಲಾಯಿಸಲು ೨,೫೦೦ ರೂಪಾಯಿ ತಗಲಿ ಫೋನು ಇನ್ನೆರಡು ವರ್ಷ ನಡೆಯುವುದೆಂದಿಟ್ಟುಕೊಳ್ಳಿ. ತಿಂಗಳಿಗೆ ಸುಮಾರು ೧೦೪ ರೂಪಾಯಿ. ೨೦,೦೦೦ ರೂಪಾಯಿಯ ಹೊಸ ಫೋನು ನಾಲ್ಕು ವರ್ಷ ನಡೆದರೆ ತಿಂಗಳಿಗೆ ೪೧೭. ನಿಮ್ಮ ಊರಿನ ದರಗಳನ್ನು ಹಾಕಿ ನೀವೇ ಲೆಕ್ಕ ಮಾಡಿರಿ. ಈ ಲೆಕ್ಕದಲ್ಲಿ ಸೇರದ ಇನ್ನೊಂದು ವೆಚ್ಚವೂ ಉಂಟು: ಒಂದು ಫೋನಿನ ಜೀವಮಾನದಲ್ಲಿ ವಾತಾವರಣಕ್ಕೆ ಸೇರುವ ಇಂಗಾಲದ ಬಹುಭಾಗವು ಅದು ನಮ್ಮ ಕೈಗೆ ಬರುವ ಮೊದಲೇ, ತಯಾರಿಕೆಯಲ್ಲಿ ಸೇರಿಹೋಗಿರುತ್ತದೆ.

ಆದರೂ ಒಂದು ಸಂದರ್ಭದಲ್ಲಿ ಹೊಸದನ್ನು ಕೊಳ್ಳಲೇಬೇಕಾಗುವುದು. ತಯಾರಕರು ಭದ್ರತೆಯ ತಿದ್ದುಪಡಿಗಳನ್ನು ಕಳುಹಿಸುವುದನ್ನು ನಿಲ್ಲಿಸಿದ ಬಳಿಕ, ಅಂತಹ ಫೋನಿನಲ್ಲಿ ಬ್ಯಾಂಕಿನ ವ್ಯವಹಾರ ಮಾಡುವುದು ಬೀಗ ಕೆಟ್ಟ ಪೆಟ್ಟಿಗೆಯಲ್ಲಿ ಹಣವಿಟ್ಟಂತೆ. ಗೂಗಲ್ ೨೦೨೩ರ ಪಿಕ್ಸೆಲ್ ೮ಕ್ಕೂ ಸ್ಯಾಮ್ಸಂಗ್ ೨೦೨೪ರ ಗ್ಯಾಲಕ್ಸಿ ಎಸ್೨೪ಕ್ಕೂ ಏಳು ವರ್ಷಗಳ ತಿದ್ದುಪಡಿಯ ಭರವಸೆ ಕೊಟ್ಟಿವೆ. ಅಗ್ಗದ ಫೋನುಗಳಲ್ಲಿ ಈ ಅವಧಿ ಬಹಳ ಕಡಿಮೆ. ಕೊಳ್ಳುವ ಮೊದಲೇ ಇದನ್ನು ಕೇಳಿ ತಿಳಿದುಕೊಳ್ಳಬೇಕು. ಅಂಗಡಿಯವರು ತಾವಾಗಿ ಹೇಳುವುದು ಅಪರೂಪ.

ಹಾಗೆ ನಿವೃತ್ತವಾದ ಫೋನನ್ನು ಪೆಟ್ಟಿಗೆಯಲ್ಲಿ ಹೂತಿಡಬೇಕಾದುದಿಲ್ಲ. ಅದರೊಳಗೆ ವೇಗೋತ್ಕರ್ಷಮಾಪಕ, ಕಾಂತಕ್ಷೇತ್ರಮಾಪಕ, ಧ್ವನಿಗ್ರಾಹಕ ಇವೆಲ್ಲವೂ ಸುಸ್ಥಿತಿಯಲ್ಲಿರುತ್ತವೆ. ಜರ್ಮನಿಯ ಆಖೆನ್ ನಗರದ ತಾಂತ್ರಿಕ ವಿಶ್ವವಿದ್ಯಾಲಯದವರು ೨೦೧೬ರಲ್ಲಿ ಹೊರತಂದ ಫೈಫಾಕ್ಸ್ ಎಂಬ ಉಚಿತ ತಂತ್ರಾಂಶವನ್ನು ಹಾಕಿ, ಫೋನನ್ನು ದಾರಕ್ಕೆ ಕಟ್ಟಿ ಲೋಲಕದಂತೆ ತೂಗಿಬಿಟ್ಟು ಗುರುತ್ವದ ವೇಗೋತ್ಕರ್ಷವನ್ನು ಅಳೆಯಬಹುದು. ಬ್ಯಾಂಕಿನ ಲೆಕ್ಕವನ್ನೂ ಸಿಮ್ ಕಾರ್ಡನ್ನೂ ಮೊದಲು ತೆಗೆದಿರಬೇಕು. ಬೆನ್ನು ಉಬ್ಬಿ ಗಾಜು ಎದ್ದಂತೆ ಕಂಡರೆ ಮಾತ್ರ ಆ ಕ್ಷಣವೇ ಬಳಕೆ ನಿಲ್ಲಿಸಬೇಕು. ಕೆಟ್ಟ ಕೋಶದೊಳಗೆ ಅನಿಲ ತುಂಬಿರುವುದರ ಗುರುತದು. ಅದನ್ನು ಒತ್ತದೆ, ಚುಚ್ಚದೆ, ಚಾರ್ಜಿಗೆ ಹಾಕದೆ, ವಿದ್ಯುನ್ಮಾನ ತ್ಯಾಜ್ಯವನ್ನು ಸ್ವೀಕರಿಸುವ ಕೇಂದ್ರಕ್ಕೆ ತಲುಪಿಸಬೇಕು.